ಇಬ್ಬರಿಗೆ ಕ್ರೂಸ್ ಕ್ಯಾಬಿನ್: ಒಳಗಿನದೋ, ಕಿಟಕಿಯದೋ, ಬಾಲ್ಕನಿಯದೋ?

ಒಂದೇ ಹಡಗಿನಲ್ಲಿ ಒಂದೇ ಊಟ ಮಾಡಿ, ಒಂದೇ ಈಜುಕೊಳದಲ್ಲಿ ಮುಳುಗೆದ್ದು, ಒಂದೇ ಷೋ ನೋಡುವ ಎರಡು ಜೋಡಿಗಳು ಕೊಟ್ಟ ದುಡ್ಡಿನಲ್ಲಿ ಅಜಗಜಾಂತರ ಇರಬಹುದು. ಕಾರಣ ಬಹುಮಟ್ಟಿಗೆ ಮಲಗುವ ಕೋಣೆ. ಅಗ್ಗದಿಂದ ಶುರುವಾದರೆ ಕಿಟಕಿಯೇ ಇಲ್ಲದ ಒಳ ಕ್ಯಾಬಿನ್, ಆಮೇಲೆ ತೆರೆಯಲು ಬಾರದ ಗಾಜಿನ ಕಿಟಕಿಯ ಓಶನ್ ವ್ಯೂ, ಅದರ ಮೇಲೆ ಬಾಲ್ಕನಿ, ಕೊನೆಗೆ ಎಲ್ಲಕ್ಕಿಂತ ದೊಡ್ಡದಾದ ಸ್ವೀಟ್ (suite). ಸ್ವೀಟ್ ಬಿಟ್ಟು ಉಳಿದ ಮೂರರಲ್ಲೂ ನಾವಿಬ್ಬರೂ ಉಳಿದು ನೋಡಿರುವುದರಿಂದ ಈ ಹೋಲಿಕೆ ಆ ಮೂರಕ್ಕೇ ಸೀಮಿತ.

ಮೊದಲು ಲೆಕ್ಕ. ಬುಕಿಂಗ್ ಪುಟದಲ್ಲಿ ಕಾಣುವ ದರ ಒಬ್ಬರದು, ಅದೂ ಇಬ್ಬರು ಒಂದೇ ಕ್ಯಾಬಿನ್‌ನಲ್ಲಿದ್ದರೆ. ಹಾಗಾಗಿ ಎರಡು ದರ್ಜೆಗಳ ನಡುವಿನ ಅಂತರವನ್ನು ಎರಡರಿಂದ ಗುಣಿಸಿಯೇ ಯೋಚಿಸಬೇಕು. ಇನ್ನೊಂದು ಕಡೆ, ಬಂದರು ತೆರಿಗೆಗೆ ಕ್ಯಾಬಿನ್ ಯಾವುದಾದರೂ ಒಂದೇ. ದಿನದ ಟಿಪ್ಸ್ ಕೂಡ ಸ್ವೀಟ್‌ಗಿಂತ ಕೆಳಗಿನ ದರ್ಜೆಗಳಿಗೆ ಸಾಮಾನ್ಯವಾಗಿ ಒಂದೇ. ಅವನ್ನೆಲ್ಲ ಸೇರಿಸಿ ಒಟ್ಟು ಖರ್ಚು ಹೋಲಿಸಿದಾಗ ಬಾಲ್ಕನಿ ಮೊದಲ ನೋಟಕ್ಕೆ ಕಂಡಷ್ಟು ದುಬಾರಿ ಅನ್ನಿಸದಿರಬಹುದು.

ಒಳ ಕ್ಯಾಬಿನ್

ಬಚ್ಚಲೂ ಸೇರಿ ಸಾಮಾನ್ಯವಾಗಿ 14ರಿಂದ 17 ಚದರ ಮೀಟರ್. ಇಬ್ಬರಿಗೆ ಇದು ಸಾಲದು ಎನ್ನುವವರು ಹೆಚ್ಚಾಗಿ ಸೂಟ್‌ಕೇಸನ್ನು ನೆಲದ ಮೇಲೆ ಬಿಚ್ಚಿಟ್ಟುಕೊಂಡೇ ವಾರ ಕಳೆದವರು. ಹತ್ತಿದ ದಿನವೇ ಬಟ್ಟೆಯನ್ನೆಲ್ಲ ಕಪಾಟಿಗೆ ಹಾಕಿ, ಖಾಲಿ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಬೇಕು. ದೊಡ್ಡ ಸೂಟ್‌ಕೇಸ್ ಸಿಕ್ಕಿಹಾಕಿಕೊಂಡರೆ ಒಬ್ಬರು ಹಾಸಿಗೆಯ ಅಂಚನ್ನು ಮೇಲೆತ್ತಬೇಕು, ಇನ್ನೊಬ್ಬರು ತಳ್ಳಬೇಕು. ಬಹುತೇಕ ಹಡಗುಗಳಲ್ಲಿ ಕ್ಯಾಬಿನ್ ಗೋಡೆ ಉಕ್ಕಿನ ತಗಡಿನದು, ಹಾಗಾಗಿ ಮ್ಯಾಗ್ನೆಟ್ ಕೊಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆರೇಳು ಕೊಕ್ಕೆ ಒಯ್ದರೆ ಟೋಪಿ, ಕೈಚೀಲ, ಜಾಕೆಟ್ ಎಲ್ಲ ಗೋಡೆಗೆ ಹೋಗಿ ಮೇಜು ಖಾಲಿಯಾಗುತ್ತದೆ.

ನಿಜವಾದ ತೊಡಕು ಕತ್ತಲು. ದೀಪ ಆರಿಸಿದರೆ ಮುಖದ ಮುಂದೆ ಹಿಡಿದ ಕೈ ಕಾಣುವುದಿಲ್ಲ. ನಿದ್ದೆಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆಳಗಾದದ್ದು ಮಾತ್ರ ಗೊತ್ತಾಗುವುದಿಲ್ಲ. ಇದಕ್ಕೊಂದು ಸುಲಭ ಉಪಾಯವಿದೆ: ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ಚಾನಲ್ ಹಾಕಿ ಸದ್ದು ನಿಲ್ಲಿಸಿ ಮಲಗುವುದು. ರಾತ್ರಿಯಿಡೀ ಪರದೆ ಕಪ್ಪಗಿರುತ್ತದೆ, ಬೆಳಕು ಹರಿದಂತೆ ತಾನೇ ತಿಳಿಯಾಗುತ್ತದೆ. ಕೆಲವು ಟಿವಿಗಳು ಕೆಲವು ಗಂಟೆಗಳ ಬಳಿಕ ತಾವೇ ಆರಿಹೋಗುತ್ತವೆ, ಸ್ಲೀಪ್ ಟೈಮರ್ ನೋಡಿಕೊಳ್ಳಿ. ಇದನ್ನೇ ಕೆಲವು ಕಂಪನಿಗಳು ಸೌಲಭ್ಯವಾಗಿಯೂ ಮಾಡಿವೆ: 2011ರ ಡಿಸ್ನಿ ಡ್ರೀಮ್ ಹಡಗಿನ ಒಳ ಕ್ಯಾಬಿನ್‌ಗಳಲ್ಲಿ ಕ್ಯಾಮೆರಾ ನೋಟ ತೋರಿಸುವ ದುಂಡು ಪರದೆಗಳಿವೆ, ರಾಯಲ್ ಕೆರಿಬಿಯನ್ ಕಂಪನಿ 2014ರಿಂದ ಕೆಲವು ಹಡಗುಗಳಲ್ಲಿ ನೆಲದಿಂದ ಛಾವಣಿಯವರೆಗಿನ ಪರದೆ ಕೂರಿಸಿದೆ.

ಇಬ್ಬರ ಏಳುವ ಹೊತ್ತು ಬೇರೆ ಬೇರೆಯಾದರೆ ಇಲ್ಲಿ ಕಷ್ಟ. ಐದಕ್ಕೇ ಎದ್ದವರು ಚಪ್ಪಲಿ ಹುಡುಕಲೂ ದೀಪ ಹಾಕಬೇಕು, ಹಾಕಿದರೆ ಇನ್ನೊಬ್ಬರ ನಿದ್ದೆ ಹೋಯಿತು. ಬಚ್ಚಲಿನ ದೀಪ ಹಾಕಿ ಬಾಗಿಲು ಸ್ವಲ್ಪ ತೆರೆದಿಡೋಣ ಅನ್ನಿಸುತ್ತದೆ, ಆದರೆ ಹಡಗು ವಾಲಿದಂತೆಲ್ಲ ಆ ಬಾಗಿಲು ಚೌಕಟ್ಟಿಗೆ ಬಡಿಯುತ್ತಿರುತ್ತದೆ. ಬ್ಯಾಟರಿಯಲ್ಲಿ ನಡೆಯುವ, ಯಾರಾದರೂ ಅಲುಗಾಡಿದರೆ ಮಾತ್ರ ಹೊತ್ತುವ ಪುಟ್ಟ ದೀಪವೊಂದನ್ನು ಮಂಚದ ಕಾಲಿನ ಎತ್ತರಕ್ಕೆ ಇಟ್ಟರೆ ಸಾಕು. ಮರುದಿನದ ಬಟ್ಟೆಯನ್ನು ರಾತ್ರಿಯೇ ಬಚ್ಚಲೊಳಗೆ ನೇತುಹಾಕಿಡಿ.

ಕಿಟಕಿಯ ಕ್ಯಾಬಿನ್

ಹಲವು ಹಡಗುಗಳಲ್ಲಿ ವಿಸ್ತೀರ್ಣ ಒಳ ಕ್ಯಾಬಿನ್‌ಗಿಂತ ತುಸು ಹೆಚ್ಚು, ಮತ್ತೆ ಹಗಲು ಬೆಳಕು. ಗಾಳಿ ಬರುವುದಿಲ್ಲ. ಗಾಜಿನ ಹೊರಮೈಗೆ ಉಪ್ಪು ಕಟ್ಟಿ ಎರಡೇ ದಿನದಲ್ಲಿ ಮಸುಕಾಗುವುದುಂಟು. ತೊಳೆಯುವವರು ಬರುವುದು ಹಡಗು ಬಂದರಿನಲ್ಲಿ ನಿಂತಾಗ. ತೀರಾ ಕೆಳಗಿನ ಡೆಕ್ಕಿನ (ಹಡಗಿನ ಮಹಡಿಯ) ದುಂಡು ಕಿಟಕಿಗಳಿಗೆ ಬಿರುಗಡಲಿನಲ್ಲಿ ಉಕ್ಕಿನ ಮುಚ್ಚಳ ಬಿಗಿಯುತ್ತಾರೆ, ಆ ಹೊತ್ತಿಗೆ ನಿಮ್ಮದೂ ಒಳ ಕ್ಯಾಬಿನ್ನೇ.

ಬುಕ್ ಮಾಡುವಾಗ ‘ಅಬ್‌ಸ್ಟ್ರಕ್ಟೆಡ್ ವ್ಯೂ’ ಎಂದಿದ್ದರೆ ಕಿಟಕಿಯ ಮುಂದೆ ಏನೋ ಅಡ್ಡವಿದೆ, ಹೆಚ್ಚಾಗಿ ಲೈಫ್‌ಬೋಟ್ ನೇತಾಡುತ್ತಿರುತ್ತದೆ ಎಂದರ್ಥ. ಕೆಲವು ಕಡೆ ದೋಣಿಯ ತುದಿ ಮಾತ್ರ ಅಡ್ಡ ಬರುತ್ತದೆ, ಕೆಲವು ಕಡೆ ಕಾಣುವುದೆಲ್ಲ ಕಿತ್ತಳೆ ಬಣ್ಣದ ಫೈಬರ್. ಬೆಳಕಷ್ಟೇ ಸಾಕೆನ್ನುವ ಜೋಡಿಗೆ ಇದು ಲಾಭದ ಆಯ್ಕೆ. ಒಳಗಿನ ಬೀದಿಗೆ ಮುಖ ಮಾಡಿದ ಕಿಟಕಿಗಳೂ ಇವೆ: 1999ರ ವಾಯೇಜರ್ ಆಫ್ ದಿ ಸೀಸ್ ಹಡಗಿನಲ್ಲಿ ಅಂಗಡಿಸಾಲಿನ ಕಡೆಗೆ ಕಿಟಕಿ ಇಟ್ಟ ಕ್ಯಾಬಿನ್‌ಗಳು ಬಂದವು. ಅಲ್ಲಿ ಪರದೆ ಸರಿಸಿದರೆ ಎದುರಿನವರಿಗೆ ನೀವು ಕಾಣುತ್ತೀರಿ, ರಾತ್ರಿ ಮೆರವಣಿಗೆಯ ಬ್ಯಾಂಡಿನ ಸದ್ದೂ ಒಳಗೆ ಬರುತ್ತದೆ. ಜೋಡಿಗಳಿಗೆ ಇದನ್ನು ತೆಗೆದುಕೊಳ್ಳಿ ಎಂದು ನಾವು ಹೇಳುವುದಿಲ್ಲ.

ಬಾಲ್ಕನಿ

ಬಾಲ್ಕನಿಯ ಜಾಹೀರಾತಿನಲ್ಲಿ ಯಾವಾಗಲೂ ಕಡಲಿನ ನೋಟವೇ ಇರುತ್ತದೆ. ಇಬ್ಬರು ಇರುವಾಗ ಅದರ ನಿಜವಾದ ಬೆಲೆ ಅದೊಂದು ಎರಡನೇ ಕೋಣೆ ಎಂಬುದರಲ್ಲಿದೆ. ಬೇಗ ಎದ್ದವರು ಗಾಜಿನ ಬಾಗಿಲು ಸರಿಸಿ ಹೊರಗೆ ಕೂತು ಕಾಫಿ ಕುಡಿಯಬಹುದು. ಮಧ್ಯಾಹ್ನ ಒಬ್ಬರು ಮಲಗಿದರೆ ಇನ್ನೊಬ್ಬರು ಓದಬಹುದು. ಇಬ್ಬರೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳುವ, ಹಗಲೆಲ್ಲ ಹೊರಗೇ ಸುತ್ತುವ ಜೋಡಿಗೆ ಈ ಎರಡನೇ ಕೋಣೆ ದಿನದ ಬಹುಭಾಗ ಖಾಲಿ ಬಿದ್ದಿರುತ್ತದೆ.

ಸಾಮಾನ್ಯ ಬಾಲ್ಕನಿ 3ರಿಂದ 5 ಚದರ ಮೀಟರ್: ಎರಡು ಕುರ್ಚಿ, ಒಂದು ಪುಟ್ಟ ಮೇಜು, ಮುಗಿಯಿತು. ಕಾಲು ಚಾಚಿ ಮಲಗುವ ಕುರ್ಚಿ ಹಿಡಿಯುವುದಿಲ್ಲ. ಕಂಬಿಯ ಕೆಳಗೆ ಗಾಜಿದೆಯೋ ಉಕ್ಕಿನ ತಗಡಿದೆಯೋ ವಿಚಾರಿಸಿ. ತಗಡಾದರೆ ಕೂತಾಗ ಕಾಣುವುದು ಆಕಾಶ ಮಾತ್ರ. ಹಡಗು 20 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ನಿಂತ ಗಾಳಿಯಲ್ಲೂ ನಿಮಗೆ ತಗಲುವುದು ಗಂಟೆಗೆ 37 ಕಿಲೋಮೀಟರ್ ಗಾಳಿ. ಎದುರುಗಾಳಿ ಇದ್ದರೆ ಅದೂ ಕೂಡುತ್ತದೆ. ಒಣಗಲು ಹಾಕಿದ ಈಜುಡುಪು ಹಾರಿಹೋಗುವುದು ಹೀಗೇ.

ಬಾಲ್ಕನಿಯ ಗಾಜಿನ ಬಾಗಿಲು ತೆರೆದಿರುವಾಗ ಕ್ಯಾಬಿನ್ನಿನ ಮುಖ್ಯ ಬಾಗಿಲನ್ನು ತೆರೆಯಬೇಡಿ. ಎರಡು ಕಡೆಯ ಗಾಳಿಯ ಒತ್ತಡ ಬೇರೆಯಾಗಿರುವುದರಿಂದ ಗಾಳಿ ರಭಸದಿಂದ ನುಗ್ಗಿ ಭಾರದ ಬಾಗಿಲು ಧಡಾರನೆ ಬಡಿಯುತ್ತದೆ, ನಡುವೆ ಬೆರಳಿದ್ದರೆ ಜಜ್ಜಿಹೋಗುತ್ತದೆ. ಒಬ್ಬರು ಹೊರಗಿನಿಂದ ಬಾಗಿಲು ತಟ್ಟಿದರೆ ಇನ್ನೊಬ್ಬರು ಮೊದಲು ಬಾಲ್ಕನಿ ಮುಚ್ಚಬೇಕು, ಆಮೇಲೆ ತೆಗೆಯಬೇಕು. ಹಲವು ಹಡಗುಗಳಲ್ಲಿ ಬಾಲ್ಕನಿ ಬಾಗಿಲಿಗೆ ಸೆನ್ಸರ್ ಇರುತ್ತದೆ, ತೆರೆದ ಕೂಡಲೇ ಎ.ಸಿ. ನಿಲ್ಲುತ್ತದೆ. ಅಲೆಯ ಸದ್ದು ಕೇಳುತ್ತ ಮಲಗಬೇಕೆಂದು ಉಷ್ಣವಲಯದ ಕಡಲಿನಲ್ಲಿ ಬಾಗಿಲು ಬಿಟ್ಟು ಮಲಗಿದರೆ ಬೆಳಿಗ್ಗೆ ಕನ್ನಡಿಯಿಂದ ಹಿಡಿದು ದಿಂಬಿನವರೆಗೆ ಎಲ್ಲಕ್ಕೂ ತೇವ.

ಅಕ್ಕಪಕ್ಕದ ಬಾಲ್ಕನಿಗಳ ನಡುವೆ ಇರುವುದು ತೆಳು ಅಡ್ಡಗೋಡೆ. ಮಾತು, ನಗು, ಜಗಳ ಎಲ್ಲ ಆಚೆಗೆ ಕೇಳುತ್ತದೆ. ಹಡಗಿನ ಬದಿ ಮೆಟ್ಟಿಲು ಮೆಟ್ಟಿಲಾಗಿದ್ದರೆ ಮೇಲಿನ ಡೆಕ್ಕಿನವರಿಗೆ ನಿಮ್ಮ ಬಾಲ್ಕನಿ ಪೂರ್ತಿ ಕಾಣುತ್ತದೆ. ಏಕಾಂತಕ್ಕೆಂದೇ ದುಡ್ಡು ಕೊಡುವವರು, ಮೇಲೆ ಇನ್ನೊಂದು ಬಾಲ್ಕನಿ ಪೂರಾ ಮುಚ್ಚಿಕೊಂಡಿರುವುದನ್ನೇ ಆರಿಸಬೇಕು.

ಎರಡು ಮಾದರಿಗಳ ಬಗ್ಗೆ ಎಚ್ಚರ. 2018ರ ಸೆಲೆಬ್ರಿಟಿ ಎಡ್ಜ್ ಹಡಗಿನಲ್ಲಿ ಬಂದ ಇನ್ಫಿನಿಟ್ ವೆರಾಂಡಾದಲ್ಲಿ ಹೊರಗಿನ ಬಾಲ್ಕನಿ ಇರುವುದಿಲ್ಲ. ಗುಂಡಿ ಒತ್ತಿದರೆ ದೊಡ್ಡ ಕಿಟಕಿಯ ಮೇಲರ್ಧ ಕೆಳಗಿಳಿಯುತ್ತದೆ. ಕೋಣೆ ದೊಡ್ಡದೆನಿಸುತ್ತದೆ, ಆದರೆ ಒಬ್ಬರು ಗಾಳಿಗೆ ಕಿಟಕಿ ಇಳಿಸಿದರೆ ಮಲಗಿದವರಿಗೂ ಅದೇ ಗಾಳಿ, ಅದೇ ಬಿಸಿ. ನಡುವೆ ಮಡಚುವ ಬಾಗಿಲಿದೆ, ಅದನ್ನು ಎಳೆದುಕೊಳ್ಳಬೇಕು. 2009ರ ಓಯಸಿಸ್ ಆಫ್ ದಿ ಸೀಸ್ ಹಡಗಿನಂಥವುಗಳಲ್ಲಿ ಒಳಗಿನ ಉದ್ಯಾನಕ್ಕೆ ಮುಖ ಮಾಡಿದ ಬಾಲ್ಕನಿಗಳಿವೆ. ಗಾಳಿಯ ಹೊಡೆತ ಕಡಿಮೆ, ಕಡಲು ಕಾಣದು, ಎದುರು ಸಾಲಿನವರು ಮಾತ್ರ ಚೆನ್ನಾಗಿ ಕಾಣುತ್ತಾರೆ.

ದರ್ಜೆಗಿಂತ ಜಾಗ ಮುಖ್ಯ

ತಪ್ಪು ಜಾಗದ ಬಾಲ್ಕನಿಗಿಂತ ಸರಿಯಾದ ಜಾಗದ ಒಳ ಕ್ಯಾಬಿನ್ ಮೇಲು. ಹಡಗು ಉದ್ದಕ್ಕೆ ತೂಗುವಾಗ ಎರಡು ತುದಿಗಳು ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಅಡ್ಡಕ್ಕೆ ವಾಲುವಾಗ ಮೇಲಿನ ಡೆಕ್ಕುಗಳು ಹೆಚ್ಚು ತೂಗುತ್ತವೆ, ಕೆಳಗಿನವು ಕಡಿಮೆ. ಬದಿಗಳಿಂದ ನೀರೊಳಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ತಡೆಯುವುದು ಅಡ್ಡ ವಾಲಾಟವನ್ನು. ಉದ್ದದ ತೂಗಾಟಕ್ಕೆ ಅವುಗಳಿಂದ ಉಪಯೋಗವಿಲ್ಲ. ವೇಗ ಕಡಿಮೆಯಾದಾಗ ಅವುಗಳ ಹಿಡಿತವೂ ಸಡಿಲ. ಹೊಟ್ಟೆ ತೊಳೆಸುವ ಸ್ವಭಾವ ಇಬ್ಬರಲ್ಲಿ ಒಬ್ಬರಿಗಿದ್ದರೂ ಕೆಳಗಿನ ಡೆಕ್, ನಡುಭಾಗ ಎಂದು ಗೆರೆ ಎಳೆದುಬಿಡಿ. ಬಾಲ್ಕನಿಗಳು ಹೆಚ್ಚಾಗಿ ಮೇಲೆಯೇ ಇರುವುದರಿಂದ ಈ ಎರಡೂ ಒಟ್ಟಿಗೆ ಸಿಗುವುದು ಕಷ್ಟ. ದಿಗಂತ ಕಂಡರೆ ಸಂಕಟ ಕಡಿಮೆಯಾಗುತ್ತದೆ ಎಂಬುದು ನಿಜವೇ, ಆದ್ದರಿಂದ ಇಂಥ ಜೋಡಿಗೆ ಕೆಳ ಡೆಕ್ಕಿನ ನಡುಭಾಗದ ಕಿಟಕಿಯ ಕ್ಯಾಬಿನ್ ಅತ್ಯಂತ ಸೂಕ್ತ. ವಾಂತಿ ತಡೆಯುವ ಮಾತ್ರೆ ಸಂಕಟ ಶುರುವಾಗುವ ಮುಂಚೆ ತೆಗೆದುಕೊಂಡರೆ ಫಲ ಹೆಚ್ಚು.

ಸದ್ದು ಇನ್ನೊಂದು ವಿಷಯ. ನಿಮ್ಮ ಡೆಕ್ಕಿನ ನಕ್ಷೆ ಒಂದನ್ನೇ ನೋಡಿದರೆ ಸಾಲದು. ಮೇಲಿನ ಡೆಕ್, ಕೆಳಗಿನ ಡೆಕ್ ಎರಡನ್ನೂ ಪಕ್ಕದಲ್ಲಿಟ್ಟು ನಿಮ್ಮ ಕ್ಯಾಬಿನ್ನಿನ ನೇರ ಮೇಲೆ, ನೇರ ಕೆಳಗೆ ಏನಿದೆ ನೋಡಬೇಕು. ಈಜುಕೊಳದ ಡೆಕ್ಕಿನ ಕೆಳಗಾದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಕರ್ಕಶ ಸದ್ದು. ನೈಟ್‌ಕ್ಲಬ್ಬಿನ ಅಕ್ಕಪಕ್ಕದ ಡೆಕ್ಕಾದರೆ ಮಧ್ಯರಾತ್ರಿ ದಾಟಿದ ಮೇಲೂ ಡ್ರಮ್ಮಿನ ಗುದ್ದು. ನಕ್ಷೆಯಲ್ಲಿ ಹೆಸರಿಲ್ಲದೆ ಬಿಳಿಯಾಗಿ ಬಿಟ್ಟ ಜಾಗ ಹೆಚ್ಚಾಗಿ ಅಡುಗೆಮನೆಯೋ ಸಿಬ್ಬಂದಿ ಓಡಾಡುವ ಜಾಗವೋ ಆಗಿರುತ್ತದೆ, ಅಲ್ಲಿ ರಾತ್ರಿಯೂ ಗಾಡಿ ಉರುಳುತ್ತದೆ. ಅತ್ಯುತ್ತಮ ಎಂದರೆ ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್.

ಮುಂಭಾಗದ ಕೆಳ ಡೆಕ್ಕಿನಲ್ಲಿ ಇನ್ನೊಂದು ಕಾಟ. ಹಡಗು ಬಂದರಿಗೆ ತಾಗುವಾಗ ಮೂತಿಯನ್ನು ಅಡ್ಡಡ್ಡ ತಳ್ಳಲು ಬೋ ಥ್ರಸ್ಟರ್ ಎಂಬ ಪ್ರೊಪೆಲ್ಲರ್‌ಗಳು ತಿರುಗುತ್ತವೆ. ಆ ಹೊತ್ತಿಗೆ ಮಂಚವೇ ನಡುಗುತ್ತದೆ, ಅದೂ ಹೆಚ್ಚಾಗಿ ಬೆಳಿಗ್ಗೆ ಆರರ ಸುಮಾರಿಗೆ. ಕಟ್ಟೆಗೆ ತಾಗದೆ ಕಡಲಲ್ಲೇ ನಿಂತು ದೋಣಿಯಲ್ಲಿ ಇಳಿಸುವ ಊರಾದರೆ ಲಂಗರಿನ ಸರಪಳಿ ಇಳಿಯುವ ಸದ್ದು ಬೇರೆ. ಹಿಂತುದಿಯ ಬಾಲ್ಕನಿಗಳು ಆಳವಾಗಿ, ಹಡಗು ಬಿಟ್ಟುಹೋಗುವ ನೊರೆಯ ಹಾದಿಗೆ ಎದುರಾಗಿ ಚೆನ್ನಾಗಿರುತ್ತವೆ. ಕಂಪನ, ಹೊಗೆಕೊಳವೆಯಿಂದ ಉದುರುವ ಮಸಿ, 300 ಮೀಟರ್ ಮೀರಿದ ಹಡಗಿನಲ್ಲಿ ಪ್ರತಿ ಊಟಕ್ಕೂ ಆಗುವ ಉದ್ದದ ನಡಿಗೆ ಇವು ಅದರ ಬೆಲೆ. ಎರಡು ಕ್ಯಾಬಿನ್‌ಗಳ ನಡುವೆ ಬಾಗಿಲಿರುವ ಕನೆಕ್ಟಿಂಗ್ ಕ್ಯಾಬಿನ್ ಜೋಡಿಗೆ ಬೇಡ. ಬಾಗಿಲ ಸಂದಿನಲ್ಲಿ ಪಕ್ಕದವರ ಗೊರಕೆ ಬರುತ್ತದೆ.

ಯಾವ ದಾರಿಗೆ ಯಾವುದು

ಮೆಡಿಟರೇನಿಯನ್‌ನಂಥ ದಾರಿಯಲ್ಲಿ ಬಹುತೇಕ ಪ್ರತಿದಿನ ಬಂದರು; ಬೆಳಿಗ್ಗೆ ಎಂಟಕ್ಕೆ ಇಳಿದು ಸಂಜೆ ಹತ್ತುತ್ತೀರಿ. ಒಳ ಕ್ಯಾಬಿನ್ ಸಾಕು, ಉಳಿದ ದುಡ್ಡು ಊರು ನೋಡಲು. ಅಲಾಸ್ಕ, ನಾರ್ವೆಯ ಫ್ಯೋರ್ಡ್‌ಗಳಲ್ಲಿ (ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲು) ನೋಟ ಹಡಗಿನ ಪಕ್ಕದಲ್ಲೇ ಗಂಟೆಗಟ್ಟಲೆ ಸಾಗುತ್ತದೆ, ಹೊರಗೆ ಚಳಿ. ಕಂಬಳಿ ಹೊದ್ದು ನಿಂತು ಬೇಕೆಂದಾಗ ಒಳಗೆ ಬರಲು ಬಾಲ್ಕನಿ ಬೇಕು. ಅಲಾಸ್ಕಕ್ಕೆ ಉತ್ತರಾಭಿಮುಖ ಏಕಮುಖ ಪ್ರಯಾಣವಾದರೆ ಬಲಬದಿ, ದಕ್ಷಿಣಕ್ಕೆ ಬರುವುದಾದರೆ ಎಡಬದಿ ತೀರದ ಕಡೆಗಿರುತ್ತದೆ. ಅಲಾಸ್ಕದ ಗ್ಲೇಷಿಯರ್ ಬೇ ಎಂಬ ಕೊಲ್ಲಿಯಲ್ಲಿ ಹಡಗು ನಿಂತಲ್ಲೇ ತಿರುಗಿ ಎರಡೂ ಬದಿಗೆ ನೀರ್ಗಲ್ಲು ತೋರಿಸುವುದರಿಂದ ಅಲ್ಲಿ ಬದಿಯ ಚಿಂತೆ ಇಲ್ಲ. ನಡುಬೇಸಿಗೆಯಲ್ಲಿ ಆರ್ಕ್ಟಿಕ್ ವೃತ್ತದ ಆಚೆ ಸೂರ್ಯ ಮುಳುಗುವುದೇ ಇಲ್ಲ; ಬೆಳಕಿದ್ದರೆ ನಿದ್ದೆ ಬಾರದವರಿಗೆ ಅಲ್ಲಿ ಒಳ ಕ್ಯಾಬಿನ್ನಿನ ಕತ್ತಲೇ ವರ. ಅಟ್ಲಾಂಟಿಕ್ ದಾಟುವ, ಸಾಲು ಸಾಲು ದಿನ ನೀರೇ ಕಾಣುವ ಪ್ರಯಾಣಕ್ಕೆ ಎರಡನೇ ಕೋಣೆಯ ಅಗತ್ಯ ಹೆಚ್ಚು. ಯುರೋಪಿನಿಂದ ಪಶ್ಚಿಮಕ್ಕೆ ಹೋಗುವಾಗ ಎಡಬದಿ ದಕ್ಷಿಣಕ್ಕಿರುತ್ತದೆ, ಬಿಸಿಲು ಆ ಕಡೆಗೇ.

ಮೂರರಲ್ಲೂ ಬದಲಾಗದವು ಕೆಲವಿವೆ. ಪ್ಲಗ್ ಪಾಯಿಂಟ್ ಕಡಿಮೆ, ಹಳೆಯ ಹಡಗುಗಳಲ್ಲಿ ಒಂದೆರಡೇ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಹತ್ತುವಾಗಲೇ ಕಸಿದಿಟ್ಟುಕೊಳ್ಳುತ್ತಾರೆ, ಹಡಗಿನ ವಿದ್ಯುತ್ ಜೋಡಣೆಗೆ ಅದು ಹೊಂದದೆ ಬೆಂಕಿಯ ಅಪಾಯವಿದೆ. ನಾಲ್ಕು ಕಿಂಡಿಯ ಯುಎಸ್‌ಬಿ ಚಾರ್ಜರ್ ಇಬ್ಬರಿಗೆ ಸಾಕು. ಶೌಚಾಲಯ ಗಾಳಿಯ ಎಳೆತದಲ್ಲಿ ನಡೆಯುತ್ತದೆ. ಒದ್ದೆ ವೈಪ್ಸ್ ಹಾಕಿದರೆ ಕೊಳವೆ ಕಟ್ಟಿ ಅಕ್ಕಪಕ್ಕದ ಕ್ಯಾಬಿನ್‌ಗಳದ್ದೂ ನಿಲ್ಲುತ್ತದೆ. ಎರಡು ಒಂಟಿ ಮಂಚ ಕೂಡಿಸಿದ ಹಾಸಿಗೆಯ ನಡುವೆ ಸಂದು ಸಿಕ್ಕರೆ ಸಿಬ್ಬಂದಿಗೆ ಹೇಳಿ, ಮೇಲೆ ಹಾಸಲು ದಪ್ಪ ಟಾಪರ್ ಇದ್ದರೆ ಕೊಡುತ್ತಾರೆ.

ಕೊನೆಯದಾಗಿ ‘ಗ್ಯಾರಂಟಿ’ ದರ. ದರ್ಜೆಯ ಆಯ್ಕೆ ನಿಮ್ಮದು, ಕ್ಯಾಬಿನ್ ಸಂಖ್ಯೆಯ ಆಯ್ಕೆ ಕಂಪನಿಯದು. ಅಗ್ಗ, ಆದರೆ ಬೇರೆಯವರು ಆರಿಸದೆ ಬಿಟ್ಟ ಕ್ಯಾಬಿನ್ ಸಿಗುವ ಸಾಧ್ಯತೆಯೇ ಹೆಚ್ಚು. ಮೇಲಿನ ದರ್ಜೆಗೆ ಹರಾಜಿನ ಹಾಗೆ ಬಿಡ್ ಮಾಡುವ ಇಮೇಲ್ ಬಂದಾಗಲೂ ಇದೇ ಮಾತು. ಆ ಮೊತ್ತವೂ ಸಾಮಾನ್ಯವಾಗಿ ತಲಾ ಒಬ್ಬರಿಗೆ. ಬಿಡ್ ಗೆದ್ದ ಕ್ಷಣ ನೀವು ನಕ್ಷೆ ನೋಡಿ ಆರಿಸಿದ ನಡುಭಾಗದ ಕ್ಯಾಬಿನ್ ಕೈಬಿಡುತ್ತದೆ, ಬದಲಿಗೆ ಸಿಕ್ಕದ್ದನ್ನು ಬೇಡ ಎನ್ನುವಂತಿಲ್ಲ. ಮೂತಿಯ ಕೊನೆಯ ಬಾಲ್ಕನಿ ಬಂದರೂ ಸರಿ ಎಂದು ಇಬ್ಬರೂ ಒಪ್ಪಿದ್ದರೆ ಮಾತ್ರ ಗುಂಡಿ ಒತ್ತಿ.