ಬ್ಲೂಯಿ, ಪೆಪ್ಪಾ ಪಿಗ್, ಡೇನಿಯಲ್ ಟೈಗರ್, ಕೋಕೋಮೆಲನ್: ಯಾವ ವಯಸ್ಸಿಗೆ ಯಾವುದು ಒಗ್ಗುತ್ತದೆ?

ಪುಟ್ಟ ಮಕ್ಕಳಿಗೆ ಕಾರ್ಟೂನ್ ಹಾಕುವ ಮುಂಚೆ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ನೋಡುವುದು ಹೊಡೆದಾಟ ಇದೆಯೇ, ಕೆಟ್ಟ ಮಾತು ಇದೆಯೇ, ಮಗು ಹೆದರುವಂಥದ್ದೇನಾದರೂ ಇದೆಯೇ ಎಂದು. ಮೇಲಿನ ನಾಲ್ಕೂ ಈ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಪಾಸು. ಹಾಗೆಂದು ನಾಲ್ಕೂ ಒಂದೇ ಅಲ್ಲ. ನೋಡಬೇಕಾದದ್ದು ಬೇರೆ ಮೂರಿವೆ: ದೃಶ್ಯ ಎಷ್ಟು ಬೇಗ ಓಡುತ್ತದೆ, ತಪ್ಪು ಮಾಡಿದ ಪಾತ್ರಕ್ಕೆ ಆಮೇಲೆ ಏನಾಗುತ್ತದೆ, ಕಂತು ಹೇಗೆ ಮುಗಿಯುತ್ತದೆ. ಮೂರನೆಯದನ್ನು ಗಮನಿಸುವವರು ಕಡಿಮೆ. ಟಿವಿ ಆಫ್ ಮಾಡುವಾಗಿನ ರಂಪಕ್ಕೆ ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ.

ಮೊದಲು ವೇಗ ಅಳೆಯುವ ಕ್ರಮ. ಶೀರ್ಷಿಕೆ ಹಾಡು ಬಿಟ್ಟು ಕಂತಿನ ನಡುವಿನ ಎರಡು ನಿಮಿಷ ತೆಗೆದುಕೊಳ್ಳಿ. ಶೀರ್ಷಿಕೆ ಹಾಡು ಸಾಮಾನ್ಯವಾಗಿ ಚುರುಕಾಗಿರುವುದರಿಂದ ಅದನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಶಾಟ್, ಅಂದರೆ ಕ್ಯಾಮೆರಾ ಕಡಿಯದೆ ತೋರಿಸುವ ಒಂದು ತುಣುಕು, ಬದಲಾದಾಗಲೆಲ್ಲ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಹಿನ್ನೆಲೆಯೇ ಬದಲಾದರೆ, ಅಂದರೆ ಅಡುಗೆಮನೆಯಿಂದ ನೇರ ತೋಟಕ್ಕೆ ಹೋದರೆ, ಗೆರೆಗೆ ಸುತ್ತು ಹಾಕಿ. 120ನ್ನು ಒಟ್ಟು ಗೆರೆಗಳಿಂದ ಭಾಗಿಸಿದರೆ ಒಂದು ಶಾಟ್ ಸರಾಸರಿ ಎಷ್ಟು ಸೆಕೆಂಡ್ ನಿಲ್ಲುತ್ತದೆ ಎಂದು ತಿಳಿಯುತ್ತದೆ. ಸುತ್ತು ಹಾಕಿದ ಗೆರೆಗಳೇ ಹೆಚ್ಚು ಮುಖ್ಯ. ಅದೇ ಕೋಣೆಯಲ್ಲಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುವುದನ್ನು ಮಗು ಸಂಭಾಳಿಸುತ್ತದೆ. ಜಾಗವೇ ಪದೇ ಪದೇ ಬದಲಾದರೆ ಎರಡೂವರೆ ವರ್ಷದ ಮಗುವಿಗೆ ಅದು ಕಥೆಯಾಗಿ ಉಳಿಯುವುದಿಲ್ಲ, ಬಣ್ಣಗಳ ಮೆರವಣಿಗೆ ಆಗುತ್ತದೆ.

ವೇಗದ ಬಗ್ಗೆ ಎಲ್ಲರೂ ಎತ್ತಿ ಹೇಳುವುದು ವರ್ಜೀನಿಯಾ ವಿಶ್ವವಿದ್ಯಾಲಯದ ಲಿಲ್ಲಾರ್ಡ್ ಮತ್ತು ಪೀಟರ್‌ಸನ್ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ, 9 ನಿಮಿಷ ಒಂದು ಗುಂಪಿಗೆ ವೇಗದ ಕಾರ್ಟೂನ್, ಇನ್ನೊಂದಕ್ಕೆ ನಿಧಾನದ್ದು, ಮೂರನೆಯದಕ್ಕೆ ಚಿತ್ರ ಬಿಡಿಸುವ ಕೆಲಸ ಕೊಟ್ಟರು. ವೇಗದ್ದರಲ್ಲಿ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುತ್ತಿತ್ತು, ನಿಧಾನದ್ದರಲ್ಲಿ 34 ಸೆಕೆಂಡಿಗೊಮ್ಮೆ. ವೇಗದ್ದನ್ನು ನೋಡಿದ ಮಕ್ಕಳು ಆ ಕೂಡಲೇ ಕೊಟ್ಟ ಗಮನ ಮತ್ತು ತಾಳ್ಮೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಆದರೆ ಇಲ್ಲಿಗೇ ನಿಲ್ಲಿಸಿ ತೀರ್ಪು ಕೊಡಬೇಡಿ. 2015ರಲ್ಲಿ ಲಿಲ್ಲಾರ್ಡ್ ಅವರ ತಂಡವೇ ಮುಂದುವರಿಸಿದ ಪ್ರಯೋಗಗಳಲ್ಲಿ ಬೆರಳು ತಿರುಗಿದ್ದು ವೇಗಕ್ಕಿಂತ ಹೆಚ್ಚಾಗಿ ನಡೆಯಲಾಗದ ಸಂಗತಿಗಳ ಕಡೆಗೆ. ವಸ್ತು ಮಾಯವಾಗುವುದು, ಮೈ ಹಿಗ್ಗಿ ಕುಗ್ಗುವುದು, ಒಂದು ಇನ್ನೊಂದಾಗುವುದು ಇಂಥವು. ಹಾಗಾಗಿ ಅದೇ ಎರಡು ನಿಮಿಷದಲ್ಲಿ ಅಂಥವನ್ನೂ ಎಣಿಸಿಬಿಡಿ. ಪ್ರಾಣಿ ಮಾತಾಡುವುದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಒಮ್ಮೆ ಒಪ್ಪಿಕೊಂಡರೆ ಮಗುವಿಗೆ ಅದು ಮನುಷ್ಯರ ಮನೆಯೇ.

ವೇಗದ ಜೊತೆಗೆ ಮಾಡಬಹುದಾದ ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಸದ್ದು ಪೂರ್ತಿ ಇಳಿಸಿ ಎರಡು ನಿಮಿಷ ನೋಡಿ. ಯಾರಿಗೆ ಏನು ಬೇಕಿತ್ತು, ಸಿಕ್ಕಿತೋ ಇಲ್ಲವೋ ಎಂದು ಚಿತ್ರದಿಂದಲೇ ಗೊತ್ತಾಗಬೇಕು. ಮನೆಮಾತಲ್ಲದ ಭಾಷೆಯಲ್ಲಿ ನೋಡುವ ಮಕ್ಕಳಿಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ.

ಈಗ ಒಂದೊಂದಾಗಿ.

ಎರಡರಿಂದ ಮೂರೂವರೆ ವರ್ಷದವರಿಗೆ ನಮ್ಮ ಮೊದಲ ಆಯ್ಕೆ ಡೇನಿಯಲ್ ಟೈಗರ್. ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ 2012ರಲ್ಲಿ ಶುರುವಾದದ್ದು, ಫ್ರೆಡ್ ರೋಜರ್ಸ್ ಅವರ ಹಳೆಯ ಮಕ್ಕಳ ಕಾರ್ಯಕ್ರಮದ ಮುಂದುವರಿಕೆ. ಒಂದು ಕಂತಿನಲ್ಲಿ ಸಾಮಾನ್ಯವಾಗಿ ತಲಾ 11 ನಿಮಿಷದ ಎರಡು ಕಥೆ. ಎರಡರಲ್ಲೂ ಪಾಠ ಒಂದೇ, ಸನ್ನಿವೇಶ ಬೇರೆ, ಮತ್ತೆ ಮತ್ತೆ ಬರುವ ಸಣ್ಣ ಹಾಡೂ ಒಂದೇ. ದೊಡ್ಡವರಿಗೆ ಇದು ತಲೆ ಚಿಟ್ಟು ಹಿಡಿಸುತ್ತದೆ. ಅದರ ಬಲ ಇರುವುದೂ ಅಲ್ಲೇ. ಸಿಟ್ಟು ಬಂದರೆ ಉಸಿರೆಳೆದು ನಾಲ್ಕರವರೆಗೆ ಎಣಿಸುವುದು, ಒತ್ತಡವಾದ ಕೂಡಲೇ ಶೌಚಕ್ಕೆ ಹೋಗುವುದು, ಇಂಥ ಒಂದೊಂದು ಕೆಲಸ ಒಂದೊಂದು ಸಾಲಿನ ಹಾಡಾಗಿ ಕೈಗೆ ಸಿಗುತ್ತದೆ. ಹುಲಿಮರಿ ಡೇನಿಯಲ್ ನೇರ ಕಣ್ಣಿಟ್ಟು ಪ್ರಶ್ನೆ ಕೇಳಿ, ಉತ್ತರಕ್ಕೆ ಜಾಗ ಬಿಡುತ್ತಾನೆ. ಆ ಮೌನದಲ್ಲಿ ದೊಡ್ಡವರು ತಾವೇ ಉತ್ತರ ಹೇಳಿಬಿಟ್ಟರೆ ಕೆಲಸ ಕೆಟ್ಟಿತು.

ಹಾಡು ಕೆಲಸ ಮಾಡದಿರುವ ಸಂದರ್ಭವೂ ಇದೆ. ಮಗು ರಚ್ಚೆ ಹಿಡಿದು ಬಿದ್ದು ಹೊರಳುತ್ತಿರುವಾಗ ಆ ಹಾಡು ಹಾಡಿದರೆ ಸಿಟ್ಟು ಇಮ್ಮಡಿಯಾಗುತ್ತದೆ. ಮನಸ್ಸು ತಣ್ಣಗಿರುವಾಗ, ಗೊಂಬೆಗೆ ಸಿಟ್ಟು ಬಂದಂತೆ ಆಡಿಸಿ, ಹಾಡನ್ನು ಅಲ್ಲಿ ಅಭ್ಯಾಸ ಮಾಡಿಸಬೇಕು. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಇದನ್ನು ನೋಡಿದ ಮಕ್ಕಳಲ್ಲಿ ಇತರರ ಮೇಲಿನ ಕಾಳಜಿಯಂಥ ಗುಣ ಹೆಚ್ಚಿದ್ದು ನೋಡಿದ್ದರ ಬಗ್ಗೆ ಅಪ್ಪ ಅಮ್ಮ ಮಾತಾಡುವ ಮನೆಗಳಲ್ಲೇ. ಇನ್ನೊಂದು ಎಚ್ಚರ: ಚುಚ್ಚುಮದ್ದು, ಕತ್ತಲೆ, ಗುಡುಗಿನ ಭಯದ ಕಥೆಗಳನ್ನು ಆ ಭಯವೇ ಇಲ್ಲದ ಮಗುವಿಗೆ ಹಾಕಬೇಡಿ. ಭಯ ಮೊದಲು ಕಲಿಯುತ್ತದೆ, ಪರಿಹಾರ ಆಮೇಲೆ.

ಬ್ಲೂಯಿ ಎಂಬ ನಾಯಿಮರಿಯ ಕಾರ್ಟೂನನ್ನು ಮೆಚ್ಚದವರು ಸಿಗುವುದು ಕಷ್ಟ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ತಯಾರಾಗಿ 2018ರಲ್ಲಿ ಬಂದ ಇದರ ಕಂತು ಸುಮಾರು ಏಳು ನಿಮಿಷದ್ದು. ಆದರೆ ಮೆಚ್ಚುವವರು ಹೆಚ್ಚಾಗಿ ದೊಡ್ಡವರು ಎನ್ನುವುದನ್ನು ಮರೆಯಬಾರದು. ಪಾರ್ಸೆಲ್ ಊಟ ತರಲು ಹೋದ ಕಂತು ನೋಡಿ: ಇನ್ನೈದು ನಿಮಿಷ ಕಾಯಬೇಕು, ಜೊತೆಯಲ್ಲಿ ಇಬ್ಬರು ಮಕ್ಕಳು, ಒಂದಾದ ಮೇಲೊಂದು ಕೈಮೀರುತ್ತದೆ. ಅಪ್ಪ ಬ್ಯಾಂಡಿಟ್‌ನ ಮುಖ ನೋಡಿ ದೊಡ್ಡವರು ಬಿದ್ದು ಬಿದ್ದು ನಗುತ್ತಾರೆ. ಮೂರು ವರ್ಷದ ಮಗುವಿಗೆ ಕಾಣುವುದು ಚೆಲ್ಲಾಟ ಮಾತ್ರ, ಮತ್ತು ಅದು ಬಹಳ ಹಿಡಿಸುತ್ತದೆ. ಬ್ಲೂಯಿಯ ಮಾತು ವೇಗ, ನಗೆ ಸೂಕ್ಷ್ಮ. ಎಷ್ಟೋ ಕಡೆ ತಪ್ಪನ್ನು ಬಾಯಿಬಿಟ್ಟು ತಪ್ಪೆನ್ನದೆ ನೋಟದಲ್ಲೇ ಮುಗಿಸುತ್ತಾರೆ. ನಾಲ್ಕು ದಾಟಿದ ಮೇಲೆ ಇದರ ರುಚಿ ಪೂರ್ತಿ ಸಿಗುತ್ತದೆ.

ಆ ವಯಸ್ಸಿಗೆ ಇದಕ್ಕೆ ಸಾಟಿಯಿಲ್ಲ, ಏಕೆಂದರೆ ಟಿವಿ ಆರಿದ ಮೇಲೂ ಆಟ ಮುಂದುವರಿಯುತ್ತದೆ. ಬಲೂನು ನೆಲಕ್ಕೆ ಬೀಳದಂತೆ ತಟ್ಟುತ್ತಲೇ ಇರುವ ಆಟದ ಕಂತು ನೋಡಿದ ಮಕ್ಕಳು ಎದ್ದು ಬಲೂನು ಹುಡುಕುತ್ತಾರೆ. ಕೊಡಿ, ಜೊತೆಗೇ ಇರಿ. ಒಡೆದ ಬಲೂನಿನ ಚೂರು ಮತ್ತು ಗಾಳಿ ತುಂಬದ ಬಲೂನು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಎಂಟು ವರ್ಷದೊಳಗಿನವರಿಗೆಲ್ಲ ಇದೆ. ಒಡೆದ ತಕ್ಷಣ ಎಲ್ಲ ಚೂರೂ ಆರಿಸಿಬಿಡಬೇಕು. ಕೆಲವು ಕಂತುಗಳನ್ನು ನೀವು ಮೊದಲು ನೋಡಿಯೇ ಹಾಕಬೇಕು. ಗಾಯಗೊಂಡ ಗಿಳಿಯಂಥ ಹಕ್ಕಿಯೊಂದು ಸಾಯುವ ಕಂತಿದೆ. ಆಮೇಲೆ ಬ್ಲೂಯಿ ಅದನ್ನೇ ಆಟವಾಗಿ ಆಡಿ ಅರ್ಥಮಾಡಿಕೊಳ್ಳುತ್ತಾಳೆ. ಕಂತು ಚೆನ್ನಾಗಿದೆ, ಆದರೆ ಸಾವಿನ ಪ್ರಶ್ನೆಗೆ ಉತ್ತರ ಕೊಡಲು ಪುರುಸೊತ್ತಿರುವ ದಿನ ನೋಡಿಸಿ, ಮಲಗುವ ಹೊತ್ತಿಗಲ್ಲ. ಇನ್ನು ಬ್ಯಾಂಡಿಟ್‌ನಂತೆ ಹೊತ್ತುಹೊತ್ತಿಗೂ ಕುದುರೆಯಾಗುವ ಅಪ್ಪ ಯಾವ ಮನೆಯಲ್ಲೂ ಇರಲಾರ. ಅದನ್ನು ಅಳತೆಗೋಲು ಮಾಡಿಕೊಂಡು ಕೊರಗಬೇಡಿ.

ಪೆಪ್ಪಾ ಪಿಗ್ ಬ್ರಿಟನ್ನಿನದು, 2004ರಿಂದ ಇದೆ, ಐದು ನಿಮಿಷದ ಕಂತು. ರೂಪದಲ್ಲಿ ನಾಲ್ಕರ ಪೈಕಿ ಇದೇ ಅಚ್ಚುಕಟ್ಟು. ಚಪ್ಪಟೆ ಚಿತ್ರ, ಖಾಲಿ ಹಿನ್ನೆಲೆ, ಒಂದು ಸಲಕ್ಕೆ ಒಂದೇ ಸಂಗತಿ, ನಡೆಯುತ್ತಿರುವುದನ್ನು ಸರಳ ವಾಕ್ಯದಲ್ಲಿ ಹೇಳುವ ನಿರೂಪಕ. ಸದ್ದಿಲ್ಲದ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಕಥೆ ಮುಗಿಯಿತು ಎನ್ನುವುದು ಮಗುವಿಗೂ ಗೊತ್ತಾಗುತ್ತದೆ: ಎಲ್ಲರೂ ಬೆನ್ನ ಮೇಲೆ ಬಿದ್ದು ನಗುತ್ತಾರೆ. ಆಫ್ ಮಾಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ.

ತಕರಾರಿರುವುದು ನಡತೆಯಲ್ಲಿ. ಸಿಳ್ಳೆ ಹಾಕಲು ಬರದೆ ಮುನಿಸಿಕೊಂಡಿರುವ ಪೆಪ್ಪಾ ಗೆಳತಿಗೆ ಫೋನ್ ಮಾಡುತ್ತಾಳೆ. ಆಕೆ ಸಲೀಸಾಗಿ ಸಿಳ್ಳೆ ಹಾಕಿದ್ದೇ ತಡ, ಫೋನ್ ಕುಕ್ಕುತ್ತಾಳೆ. ದೊಡ್ಡವರಿಗೆ ನಗು. ಮೂರು ವರ್ಷದ ಮಗುವಿಗೆ ಅದೊಂದು ಹೊಸ ವಿದ್ಯೆ, ಮಾರನೆಯ ದಿನವೇ ಅಜ್ಜಿಯ ಮೇಲೆ ಪ್ರಯೋಗ. ಅಪ್ಪಹಂದಿಯ ಹೊಟ್ಟೆ, ಅವನ ಪೆದ್ದುತನ ಮೇಲಿಂದ ಮೇಲೆ ತಮಾಷೆಯ ವಸ್ತು. ಇದನ್ನು ನಿಷೇಧಿಸುವಷ್ಟು ದೊಡ್ಡದು ಮಾಡಬೇಕಿಲ್ಲ. ಆ ಜಾಗದಲ್ಲಿ ವಿರಾಮದ ಗುಂಡಿ ಒತ್ತಿ "ಗೆಳತಿಗೆ ಹೇಗನಿಸಿರಬೇಕು?" ಎಂದು ಒಂದೇ ಪ್ರಶ್ನೆ ಕೇಳಿ ಮುಂದುವರಿಸಿ. ಕಂತು ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ, ಈ ವಯಸ್ಸಿನವರಿಗೆ ಕಾರಣ ಪರಿಣಾಮ ಅಕ್ಕಪಕ್ಕದಲ್ಲೇ ಇರಬೇಕು. ಹಳೆಯ ಕಂತುಗಳಲ್ಲಿ ಕಾರಿನ ಸೀಟ್‌ಬೆಲ್ಟ್, ಸೈಕಲ್ ಹೆಲ್ಮೆಟ್ ಇರಲಿಲ್ಲ; ಆಮೇಲೆ ತಿದ್ದಿ ಸೇರಿಸಿದರು. ಜೇಡ ಒಳ್ಳೆಯದು, ಹೆದರಬೇಡ ಎನ್ನುವ ಕಂತನ್ನು ವಿಷದ ಜೇಡಗಳಿರುವ ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಪ್ರಸಾರದಿಂದ ತೆಗೆದರು. ಒಂದು ದೇಶದ ನಿರಪಾಯ ಪಾಠ ಎಲ್ಲ ಕಡೆ ನಿರಪಾಯ ಆಗಬೇಕಿಲ್ಲ.

ಕೋಕೋಮೆಲನ್‌ಗೆ ಕೊನೆಯ ಸ್ಥಾನ. ಅದರ ಹಾಡುಗಳಲ್ಲಿ ಕೆಡುಕೇನಿಲ್ಲ: ಹಲ್ಲುಜ್ಜು, ಕೈ ತೊಳೆ, ತರಕಾರಿ ತಿನ್ನು. ಸಮಸ್ಯೆ ಕಟ್ಟಿನಲ್ಲಿದೆ. ಗೆರೆ ಎಳೆಯುವ ಪರೀಕ್ಷೆ ಮಾಡಿದರೆ ಶಾಟ್‌ಗಳು ಕೆಲವೇ ಸೆಕೆಂಡಿಗೆ ಸರಿಯುತ್ತವೆ, ಸರಿಯದಿದ್ದಾಗ ಕ್ಯಾಮೆರಾ ತಾನೇ ತೇಲುತ್ತಿರುತ್ತದೆ. ಸಂಗೀತ ಬಿಡುವೇ ಕೊಡುವುದಿಲ್ಲ. ಜೊತೆಗೆ ಯೂಟ್ಯೂಬ್‌ನಲ್ಲಿ ಜನ ಹಾಕುವುದು ಅರ್ಧ ಗಂಟೆ, ಒಂದು ಗಂಟೆಯ ಸಂಕಲನಗಳನ್ನು. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ. ಮುಗಿಯುವ ಜಾಗವೇ ಇಲ್ಲದ್ದನ್ನು ಎಲ್ಲಿ ನಿಲ್ಲಿಸಿದರೂ ಮಗುವಿಗೆ ಅದು ಕಿತ್ತುಕೊಂಡಂತೆಯೇ. ಬೇಕೇ ಬೇಕೆಂದರೆ ಸಂಕಲನ ಬಿಟ್ಟು ಒಂದೇ ಹಾಡಿನ ವಿಡಿಯೊ ಆರಿಸಿ, ಮುಗಿದ ಕೂಡಲೇ ಅದೇ ಹಾಡನ್ನು ಪರದೆಯಿಲ್ಲದೆ ಕೈ ತೊಳೆಯುವಾಗ ಹಾಡಿ. ಇದನ್ನು ಎರಡು ತುಂಬದ ಕೂಸುಗಳಿಗೂ ಹಾಕುತ್ತಾರೆ ಎನ್ನುವುದೇ ಇನ್ನೊಂದು ಚಿಂತೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಲ್ಲಿ ಒಂದು ವರ್ಷದವರಿಗೆ ಕೂತು ಪರದೆ ನೋಡುವುದೇ ಬೇಡ ಎಂದಿದೆ; ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಪಾ ಪಟ್ರೋಲ್ ಬಗ್ಗೆ ಕೇಳುವವರಿಗೆ ಚುಟುಕಾಗಿ: ಆಟಿಕೆ ಕಂಪನಿಯೊಂದು 2013ರಲ್ಲಿ ತಂದದ್ದು, ಪ್ರತಿ ನಾಯಿಗೂ ಒಂದು ವಾಹನ, ಪ್ರತಿ ವಾಹನಕ್ಕೂ ಅಂಗಡಿಯಲ್ಲಿ ಒಂದು ಪೆಟ್ಟಿಗೆ. ನಾಲ್ಕರ ಮೇಲಿನವರಿಗೆ ತೊಂದರೆಯಿಲ್ಲ, ಖರ್ಚಿನ ಹೊರತು.

ಯಾವುದನ್ನೇ ಆರಿಸಿ, ಕೆಲವು ಸೆಟ್ಟಿಂಗ್ ಮೊದಲೇ ಸರಿಮಾಡಿಕೊಳ್ಳಿ. ನೆಟ್‌ಫ್ಲಿಕ್ಸ್‌ನಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇಯನ್ನು ಮಗುವಿನ ಪ್ರೊಫೈಲ್‌ನಲ್ಲೇ ಆಫ್ ಮಾಡಬೇಕು. ನಿಮ್ಮ ಪ್ರೊಫೈಲ್‌ನಲ್ಲಿ ಮಾಡಿದರೆ ಮಗುವಿನದಕ್ಕೆ ತಗಲುವುದಿಲ್ಲ. ಯೂಟ್ಯೂಬ್ ಕಿಡ್ಸ್‌ನಲ್ಲಿ ಟೈಮರ್ ಇದೆ, ಅದು ಹಾಡಿನ ನಡುವೆಯೇ ಬಾಗಿಲು ಹಾಕುತ್ತದೆ, ಹಾಗಾಗಿ ಕಂತಿನ ಉದ್ದಕ್ಕಿಂತ ಒಂದೆರಡು ನಿಮಿಷ ಹೆಚ್ಚಿಗೆ ಇಡಿ. ಅದಕ್ಕಿಂತ ಮುಖ್ಯ, ನೀವು ಒಪ್ಪಿದ ವಿಡಿಯೊಗಳನ್ನು ಮಾತ್ರ ತೋರಿಸುವ ಆಯ್ಕೆ. ಪೆಪ್ಪಾಳ ವೇಷ ತೊಟ್ಟ ಭೀಕರ ನಕಲಿ ವಿಡಿಯೊಗಳು 2017ರಲ್ಲಿ ದೊಡ್ಡ ಸುದ್ದಿಯಾಗಿದ್ದವು. ಹುಡುಕು ಪೆಟ್ಟಿಗೆ ಮಗುವಿನ ಕೈಯಲ್ಲಿದ್ದರೆ ಅಸಲಿ ನಕಲಿ ಅದಕ್ಕೆ ತಿಳಿಯದು.

ಆಯ್ಕೆ ಸರಿಯೋ ಎಂದು ತಿಳಿಯಲು ಆಫ್ ಮಾಡಿದ ನಂತರದ ಹತ್ತು ನಿಮಿಷ ನೋಡಿ. ಎದ್ದು ಕಥೆಯನ್ನು ಆಡಿದರೆ ಇರಲಿ. ಒಂದು ಸಲ ಅತ್ತು ಸುಮ್ಮನಾದರೂ ಇರಲಿ. ಎರಡು ವಾರ ಒಂದೇ ಸಮಯ, ಒಂದೇ ಅಳತೆ ಇಟ್ಟ ಮೇಲೂ ಪ್ರತಿ ಸಲ ರಂಪವಾದರೆ, ಅಥವಾ ಮಗು ಏನೂ ತೋಚದೆ ಸಪ್ಪಗೆ ಸುತ್ತುತ್ತಿದ್ದರೆ, ನಿಧಾನದ್ದಕ್ಕೆ ಬದಲಿಸಿ. ಹಸಿವು ಮತ್ತು ನಿದ್ದೆಯ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ, ಆಗ ಯಾವ ಕಾರ್ಟೂನಾದರೂ ಸೋಲುತ್ತದೆ. ಮನೆಯಲ್ಲಿ ಎರಡು ವಯಸ್ಸಿನವರಿದ್ದರೆ ಚಿಕ್ಕದಕ್ಕೆ ಹೊಂದುವುದನ್ನೇ ಹಾಕಿ. ಐದು ವರ್ಷದ ಅಕ್ಕ ಡೇನಿಯಲ್ ಟೈಗರ್ ನೋಡಿ ಮೂಗು ಮುರಿದಾಳು, ಅಷ್ಟೇ. ಬ್ಲೂಯಿಯನ್ನು ಅವಳಿಗೆ ತಮ್ಮ ಮಲಗಿರುವಾಗ ಬೇರೆಯಾಗಿ ತೋರಿಸಬಹುದು.