ಡಬ್ಬದ ಮೇಲೆ ಆರು ಕೋಳಿ, ಒಳಗೆ ಜಾಗ ಎರಡಕ್ಕೆ

ಬಿಡಿ ಹಲಗೆಗಳಾಗಿ ಬಂದು, ಮನೆಯಲ್ಲೇ ಸ್ಕ್ರೂ ಬಿಗಿದು ನಿಲ್ಲಿಸುವ ಮರದ ಕೋಳಿಗೂಡು ಇದು. ಒಟ್ಟು ಉದ್ದ 6 ಅಡಿ, ಅಗಲ 2.5 ಅಡಿ. ಒಂದು ತುದಿಯಲ್ಲಿ ಕಾಲುಗಳ ಮೇಲೆ ರಾತ್ರಿ ತಂಗುವ ಗೂಡು, ಅದರ ಕೆಳಗೂ ಪಕ್ಕಕ್ಕೂ ಜಾಲರಿ ಹೊಡೆದ ಓಡಾಟದ ಜಾಗ, ಹೊರಕ್ಕೆ ಚಾಚಿದ ಮೊಟ್ಟೆ ಪೆಟ್ಟಿಗೆ. ಡಬ್ಬದ ಮೇಲೆ ‘4ರಿಂದ 6 ಕೋಳಿಗಳಿಗೆ’ ಎಂದಿದೆ. ಟೇಪು ಹಿಡಿದರೆ ಈ ಮಾತು ನಿಲ್ಲುವುದಿಲ್ಲ.

ಗೂಡಿನ ನೆಲ 2.5 × 2.5, ಅಂದರೆ 6.25 ಚದರ ಅಡಿ. ಮಧ್ಯಮ ಗಾತ್ರದ ಹೇಂಟೆಗೆ ಒಳಗೆ ಕನಿಷ್ಠ 3, ನೆಮ್ಮದಿಗೆ 4 ಚದರ ಅಡಿ ಬೇಕು. ಹೊರಗೆ 8ರಿಂದ 10. ಗೂಡಿನ ಅಡಿಯ ಜಾಗ ಸೇರಿಸಿದರೂ ಇಲ್ಲಿ ಓಡಾಟಕ್ಕೆ ಸಿಗುವುದು 15. ಎರಡು ಕೋಳಿಗೇ ಬಿಗಿ. ಗಿಡ್ಡ ಜಾತಿಯ ಬ್ಯಾಂಟಮ್ ಆದರೆ ಮೂರು. ಮೊಟ್ಟೆ ಪೆಟ್ಟಿಗೆಯನ್ನು ನೆಲದ ಲೆಕ್ಕಕ್ಕೆ ಸೇರಿಸಬಾರದು, ಅದು ತಿರುಗಾಡುವ ಜಾಗವಲ್ಲ. ಆರು ಕೋಳಿ ತುಂಬಿದರೆ ಒಂದಕ್ಕೆ ಒಂದು ಚದರ ಅಡಿ ಚಿಲ್ಲರೆ. ಅದು ಪಂಜರದ ಲೆಕ್ಕ, ಹಿತ್ತಲಿನದಲ್ಲ.

ಇಕ್ಕಟ್ಟಿನ ಫಲ ಮೊದಲು ಕಾಣುವುದು ಬಾಲದ ಬುಡದಲ್ಲಿ. ಕೋಳಿಗಳಲ್ಲಿ ಮೇಲು ಕೀಳು ಇದ್ದೇ ಇದೆ. ಕುಕ್ಕಿಸಿಕೊಂಡದ್ದು ತಪ್ಪಿಸಿಕೊಂಡು ಓಡಲು ಜಾಗವಿಲ್ಲದಿದ್ದರೆ ಪುಕ್ಕ ಕಿತ್ತು, ಚರ್ಮ ಕಂಡು, ಒಮ್ಮೆ ರಕ್ತ ಬಂತೆಂದರೆ ಉಳಿದವೂ ಅಲ್ಲಿಗೇ ಕೊಕ್ಕು ಹಾಕುತ್ತವೆ. ಓಡಾಟದ ನೆಲದಲ್ಲಿ ಹುಲ್ಲು ಬೇಗ ಮಾಯವಾಗಿ, ಹಿಕ್ಕೆಯೂ ನೀರೂ ಕಲಸಿ ಕೆಸರಾಗುತ್ತದೆ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾಕ್ಕೆ ಇಂಥ ಒದ್ದೆಯೇ ಬೇಕು.

ಕೂರುವ ಕೋಲಿನ ಉದ್ದ 30 ಇಂಚು. ಕೋಳಿಗೆ 10 ಇಂಚಿನಂತೆ ಮೂರಕ್ಕೆ ಸಾಕು, ಆ ಲೆಕ್ಕ ಸರಿ. ಇಟ್ಟಿರುವ ಎತ್ತರ ತಪ್ಪು: ಮೊಟ್ಟೆ ಪೆಟ್ಟಿಗೆಯ ನೆಲದ ಮಟ್ಟದಲ್ಲೇ ಇದೆ. ಕೋಳಿ ರಾತ್ರಿ ಎತ್ತರದ ಜಾಗ ಹುಡುಕುತ್ತದೆ. ಕೋಲಿಗೂ ಪೆಟ್ಟಿಗೆಗೂ ವ್ಯತ್ಯಾಸವಿಲ್ಲದಿದ್ದರೆ ಮೆತ್ತಗಿರುವ ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತದೆ, ಬೆಳಗಿನ ಮೊಟ್ಟೆ ಹೊಲಸಾಗುತ್ತದೆ. ಕೋಲನ್ನು ಪೆಟ್ಟಿಗೆಯ ನೆಲಕ್ಕಿಂತ 6 ಇಂಚಾದರೂ ಮೇಲಕ್ಕೆ, ಗೋಡೆಯಿಂದ ಒಂದಡಿ ಈಚೆಗೆ ಕೂರಿಸಿ.

ಗಾಳಿಯ ವಿಷಯ ಇದಕ್ಕಿಂತ ಕೆಟ್ಟದ್ದು. ಇರುವ ಒಂದು ಪುಟ್ಟ ಕಿಟಕಿಯನ್ನು ರಾತ್ರಿ ಮುಚ್ಚಿದರೆ ಉಸಿರಿನ ತೇವ, ಹಿಕ್ಕೆಯ ಅಮೋನಿಯಾ ಎರಡೂ ಒಳಗೇ ನಿಲ್ಲುತ್ತವೆ. ಬೆಳಿಗ್ಗೆ ಬಾಗಿಲು ತೆಗೆದಾಗ ಮೂಗಿಗೆ ಘಾಟು ಹೊಡೆದರೆ ಕೋಳಿಯ ಶ್ವಾಸಕೋಶಕ್ಕೆ ಆಗಲೇ ಪೆಟ್ಟು ಬೀಳುತ್ತಿದೆ ಎಂದರ್ಥ. ಮಾಡಿನ ಕೆಳಗೆ ಎದುರು ಬದುರು ಗೋಡೆಗಳಲ್ಲಿ 5 ಇಂಚಿನ ಸೀಳು ಉದ್ದಕ್ಕೂ ಕತ್ತರಿಸಿ ಜಾಲರಿ ಹೊಡೆದರೆ ಸುಮಾರು 2 ಚದರ ಅಡಿ ಸಿಗುತ್ತದೆ, ಎರಡು ಕೋಳಿಗೆ ಸಾಕು. ಸೀಳು ಕೂತ ಕೋಳಿಯ ತಲೆಗಿಂತ ಮೇಲಿರಲಿ, ಗಾಳಿ ನೇರ ಮೈಗೆ ಬಡಿಯಬಾರದು.

ಜೊತೆಗೆ ಬರುವ ಷಟ್ಕೋನ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿ ವಾಷರ್ ಕೊಟ್ಟು ಸ್ಕ್ರೂ ಬಿಗಿಯಿರಿ. ಬರೀ ಸ್ಟೇಪಲ್ ಪಿನ್ನು ಎಳೆದರೆ ಕಿತ್ತು ಬರುತ್ತದೆ. ಸುತ್ತ ಒಂದಡಿ ಅಗಲದ ಮೆಶ್ ನೆಲಕ್ಕೆ ಹಾಸಿದರೆ ಬಿಲ ತೋಡುವವಕ್ಕೂ ತಡೆ.

ಮೆಚ್ಚುವಂಥದ್ದೂ ಇದೆ. ಹಿಕ್ಕೆಯ ತಗಡಿನ ತಟ್ಟೆ ಸಲೀಸಾಗಿ ಎಳೆದುಕೊಂಡು ಬರುತ್ತದೆ, ಮೊಟ್ಟೆಯನ್ನು ಹೊರಗಿನಿಂದಲೇ ತೆಗೆಯಬಹುದು, ರಂಧ್ರಗಳು ಸರಿಯಾಗಿ ಕೂಡುತ್ತವೆ. ಮರಿ ಜೊತೆಗಿನ ತಾಯಿಗೆ, ಕಾಯಿಲೆಯ ಕೋಳಿಗೆ, ಹೊಸದಾಗಿ ತಂದದ್ದನ್ನು ಮೂರು ನಾಲ್ಕು ವಾರ ಬೇರೆ ಇಡುವುದಕ್ಕೆ ಒಳ್ಳೆಯ ಗೂಡು. ಆರು ಹೇಂಟೆಗಳೇ ಬೇಕೆಂದಿದ್ದರೆ 6 × 4 ಅಡಿಯ ಗೂಡು, 10 × 6 ಅಡಿಯ ಓಡಾಟದ ಜಾಗ, ಎರಡು ಮೊಟ್ಟೆ ಪೆಟ್ಟಿಗೆ, 5 ಅಡಿ ಕೋಲು ಎಂದು ಬಡಗಿಗೆ ಹೇಳಿ.