ಪಾರ್ಟ್ನರ್ ವೀಸಾ ಹಾಕುವವರೇ, ಹಳೇ ಪಾಸ್‌ಪೋರ್ಟಿನ ಪ್ರಯಾಣ ಫಾರಂನಲ್ಲಿ ಬಂದಿದೆಯಾ ನೋಡಿಕೊಳ್ಳಿ

ಆಸ್ಟ್ರೇಲಿಯಾದಲ್ಲಿರುವ ಗಂಡನ ಹತ್ತಿರವೋ ಹೆಂಡತಿ ಹತ್ತಿರವೋ ಹೋಗಲು ಪಾರ್ಟ್ನರ್ ವೀಸಾ ಹಾಕುತ್ತಿರುವವರು, ಅದರಲ್ಲೂ ನಮ್ಮ ತುಮಕೂರು, ಗುಬ್ಬಿ, ತಿಪಟೂರು ಕಡೆ ಲೋಕಲ್ ಏಜೆಂಟ್ ಕೈಗೆ ಫೈಲ್ ಕೊಟ್ಟು ನಿಶ್ಚಿಂತೆಯಾಗಿ ಕೂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 309 ವೀಸಾ (ಆಸ್ಟ್ರೇಲಿಯಾದ ಹೊರಗಿಂದ ಹಾಕುವ ಪಾರ್ಟ್ನರ್ ವೀಸಾ) ಫೈಲ್ ಈಗ ಸಿಕ್ಕಿಹಾಕಿಕೊಂಡಿದೆ. ಮದುವೆ ಬಗ್ಗೆ ಆಸ್ಟ್ರೇಲಿಯಾದ ವೀಸಾ ಇಲಾಖೆಯವರಿಗೆ ಒಂದು ಅನುಮಾನವೂ ಬಂದಿರಲಿಲ್ಲ. ಹಿಂದಿನ 10 ವರ್ಷದಲ್ಲಿ ಯಾವ ಯಾವ ದೇಶಕ್ಕೆ ಹೋಗಿದ್ದೀರಿ ಅನ್ನೋ ಪ್ರಶ್ನೆಗೆ ಏಜೆಂಟ್ ಆಫೀಸಿನವರು 'ಇಲ್ಲ' ಅಂತ ಟಿಕ್ ಮಾಡಿ ಕಳಿಸಿದರು, ಅಷ್ಟೇ.

ನಾನು ಹೋಗಿದ್ದೆ. ಕಂಪನಿ ಕಡೆಯಿಂದ ಸಿಂಗಾಪುರಕ್ಕೆ ಟ್ರೇನಿಂಗ್‌ಗೆ ಹೋಗಿದ್ದೆ. ಮದುವೆ ಆದಮೇಲೆ ಇಬ್ಬರೂ ಶ್ರೀಲಂಕಾ ಸುತ್ತಿ ಬಂದಿದ್ದೆವು. ಅಮ್ಮನ ಜೊತೆ ಮುಕ್ತಿನಾಥ ಯಾತ್ರೆಗೆ ಅಂತ ನೇಪಾಳಕ್ಕೂ ಹೋಗಿದ್ದೆ. ಇದರ ಮೇಲೆ ಅಮೆರಿಕದ ವಿಸಿಟರ್ ವೀಸಾ ಒಂದು ಸಲ ರಿಜೆಕ್ಟ್ ಆಗಿತ್ತು. ಅಕ್ಕನ ಬಾಣಂತನಕ್ಕೆ ಅಂತ ಅಮ್ಮನೂ ನಾನೂ ಚೆನ್ನೈಗೆ ಇಂಟರ್‌ವ್ಯೂಗೆ ಹೋಗಿದ್ದೆವು, 214(ಬಿ) (ವಾಪಸ್ ಬರ್ತೀರಿ ಅನ್ನೋ ನಂಬಿಕೆ ಬರಲಿಲ್ಲ ಅಂತ ರಿಜೆಕ್ಟ್ ಮಾಡುವ ಅಮೆರಿಕದ ಸೆಕ್ಷನ್) ಅಂತ ಒಂದು ಚೀಟಿ ಕೈಗೆ ಬಂತು, ವಾಪಸ್ ಬಂದೆವು. ಇದು ಎಷ್ಟೋ ಮನೆಗಳಲ್ಲಿ ಆಗುವ ಮಾತು, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ.

ಇಷ್ಟೂ ವಿಷಯ ಒಂದು ಹಾಳೆಯಲ್ಲಿ ಬರೆದು, ಎರಡೂ ಪಾಸ್‌ಪೋರ್ಟಿನ ಎಲ್ಲಾ ಪುಟದ ಜೆರಾಕ್ಸ್ ಜೊತೆ ಏಜೆಂಟ್ ಕೈಗೆ ಕೊಟ್ಟಿದ್ದೆ. ಎರಡು ಪಾಸ್‌ಪೋರ್ಟ್ ಯಾಕೆ ಅಂದರೆ, ಮದುವೆ ಆದಮೇಲೆ ಗಂಡನ ಹೆಸರು ಸೇರಿಸಲು ರೀಇಶ್ಯೂ ಮಾಡಿಸಿದ್ದೆ. ಹಳೇದಕ್ಕೆ ಕ್ಯಾನ್ಸಲ್ ಅಂತ ಸೀಲ್ ಹಾಕಿ ವಾಪಸ್ ಕೊಡ್ತಾರಲ್ವಾ, ಸ್ಟಾಂಪುಗಳೆಲ್ಲ ಇರೋದು ಅದರಲ್ಲಿ. ಹೊಸದು ಪೂರ್ತಿ ಖಾಲಿ. ಎಡವಟ್ಟು ಶುರುವಾಗಿದ್ದೇ ಇಲ್ಲಿ. ಆಫೀಸಿನ ಹುಡುಗ ಹೊಸ ಪಾಸ್‌ಪೋರ್ಟ್ ಮಾತ್ರ ಸ್ಕ್ಯಾನ್ ಮಾಡಿಕೊಂಡ. ಹಳೇದನ್ನು ಟೇಬಲ್ ಮೇಲೆ ನನ್ನ ಕಡೆ ತಳ್ಳಿ, "ಇದು ಎಕ್ಸ್‌ಪೈರ್ ಆಗಿದೆ ಮೇಡಂ, ಬೇಡ" ಅಂದ. ಬೇಕಾಗುತ್ತೆ ಅಲ್ವಾ ಅಂತ ನಾನು ಕೇಳಿದ್ದಕ್ಕೆ ಒಳಗಿನ ಕ್ಯಾಬಿನ್‌ನಿಂದ ಅವರ ಸಾರ್ ಬಂದು ದೊಡ್ಡ ವಿವರಣೆ ಕೊಟ್ಟರು. ಜಾಸ್ತಿ ದೇಶ ತೋರಿಸಿದರೆ ಜಾಸ್ತಿ ಪ್ರಶ್ನೆ ಬರುತ್ತೆ, ಪ್ರತಿ ದೇಶದಿಂದಲೂ ಪೊಲೀಸ್ ಸರ್ಟಿಫಿಕೇಟ್ ಕೇಳ್ತಾರೆ, ರಿಜೆಕ್ಷನ್ ಅಂತ ಹೇಳಿದರೆ ಫೈಲ್ ಕೆಳಗೆ ಹೋಗುತ್ತೆ, ನಮಗೆ ಬಿಡಿ, ಕಳಿಸೋ ಮುಂಚೆ ತೋರಿಸ್ತೀವಿ ಅಂತ.

ತೋರಿಸಲಿಲ್ಲ. ಪ್ರಯಾಣ ಸೇರಿ ನಮ್ಮ ವೈಯಕ್ತಿಕ ವಿವರ ಕೇಳುವ ಫಾರಂ 80ರ ಸಹಿ ಇರುವ ಹಾಳೆ ಒಂದನ್ನು ಮಾತ್ರ ಮುಂಚೆಯೇ ಸಹಿ ಮಾಡಿಸಿ ಇಟ್ಟುಕೊಂಡಿದ್ದರು. ಅಪ್ಲಿಕೇಶನ್ ಅವರದೇ ಇಮ್ಮಿಅಕೌಂಟ್‌ನಲ್ಲಿ (ಆಸ್ಟ್ರೇಲಿಯಾ ವೀಸಾ ಹಾಕುವ ಆನ್‌ಲೈನ್ ಖಾತೆ), ಅವರದೇ ಇಮೇಲ್‌ನಲ್ಲಿ ಹೋಯಿತು. ನನಗೆ ಬಂದಿದ್ದು ಫೀಸ್ ಕಟ್ಟಿದ ರಸೀದಿ ಮಾತ್ರ. ಫೀಸ್ ಎಷ್ಟು ಅಂತ ಗೊತ್ತಲ್ವಾ, 9 ಸಾವಿರ ಆಸ್ಟ್ರೇಲಿಯನ್ ಡಾಲರಿಗೂ ಮೇಲೆ, ರಿಜೆಕ್ಟ್ ಆದರೆ ವಾಪಸ್ ಬರಲ್ಲ.

ಆ ಪೊಲೀಸ್ ಸರ್ಟಿಫಿಕೇಟ್ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಯಾಕೆಂದರೆ ಇದೇ ಕಥೆಯನ್ನು ಇನ್ನೂ ಎಷ್ಟು ಜನಕ್ಕೆ ಹೇಳ್ತಿದ್ದಾರೋ. ನಿಯಮ ಇರೋದು ಹೀಗೆ: 16 ವರ್ಷ ತುಂಬಿದ ಮೇಲೆ, ಹಿಂದಿನ 10 ವರ್ಷದಲ್ಲಿ ಯಾವ ದೇಶದಲ್ಲಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದಿರೋ ಆ ದೇಶದಿಂದ ಸರ್ಟಿಫಿಕೇಟ್ ಬೇಕು. ಒಂದು ವಾರ ಕ್ಯಾಂಡಿ, ಸಿಗಿರಿಯಾ ಅಂತ ಸುತ್ತಿ ಬಂದವರಿಗೆ ಶ್ರೀಲಂಕಾ ಪೊಲೀಸರಿಂದ ಏನೂ ತರಬೇಕಾಗಿಲ್ಲ. ಫಾರಂನಲ್ಲಿ ದೇಶ, ಹೋದ ದಿನ, ಬಂದ ದಿನ, ಯಾಕೆ ಹೋಗಿದ್ದು ಅಂತ ಒಂದು ಸಾಲು ಬರೆದರೆ ಮುಗಿಯಿತು. ಇಷ್ಟು ಕೆಲಸ ತಪ್ಪಿಸಿಕೊಳ್ಳಲು ಒಬ್ಬರ ಸಂಸಾರವನ್ನೇ ಪಣಕ್ಕೆ ಇಡ್ತಾರೆ ಅಂದರೆ ಏನು ಹೇಳೋದು.

ಬಯೋಮೆಟ್ರಿಕ್ ಆಯ್ತು, ಮೆಡಿಕಲ್ ಆಯ್ತು, ಎಲ್ಲಾ ಸುಸೂತ್ರ ಅಂದುಕೊಂಡಿದ್ದೆವು. ಒಂದು ಸಂಜೆ ಏಜೆಂಟ್ ಕಡೆಯಿಂದ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್. ಕೆಳಗೆ "ಸ್ವಲ್ಪ ನೋಡಿ ಮೇಡಂ, ಸಣ್ಣ ಕ್ವೆರಿ". ಇಲಾಖೆಯ ಪತ್ರದ ಮೊದಲ ಅರ್ಧ ಪುಟ ಅಷ್ಟೇ ಇತ್ತು. ಉತ್ತರ ಕೊಡಬೇಕಾದ ಗಡುವು ಇರುವ ಭಾಗವೇ ಕಟ್ ಆಗಿತ್ತು. ಪೂರ್ತಿ ಪಿಡಿಎಫ್ ಕೊಡಿ ಅಂತ ಕೇಳಿ ಕೇಳಿ ಸಾಕಾಗಿ, ಕೊನೆಗೆ ನಮ್ಮ ಭಾವ ಬಿ.ಎಚ್. ರಸ್ತೆಯ ಅವರ ಆಫೀಸಿಗೇ ಹೋಗಿ ಎದುರು ಕೂತು ಫಾರ್ವರ್ಡ್ ಮಾಡಿಸಿಕೊಂಡು ಬಂದರು. ನೋಡಿದರೆ ಪತ್ರ ಬಂದು ಆಗಲೇ ಸುಮಾರು ದಿನ ಆಗಿತ್ತು. ಇಂಥ ಪತ್ರಕ್ಕೆ ಸಾಮಾನ್ಯವಾಗಿ 28 ದಿನ ಕೊಡ್ತಾರೆ, ಅದರಲ್ಲಿ ಒಳ್ಳೇ ಪಾಲು ಅವರ ಇನ್‌ಬಾಕ್ಸ್‌ನಲ್ಲೇ ಕಳೆದುಹೋಗಿತ್ತು.

ಪತ್ರ ಓದಿದಾಗ ಕೈಕಾಲು ಆಡಲಿಲ್ಲ. ಭಾಷೆ ತುಂಬಾ ಮರ್ಯಾದೆಯದು, ಒಳಗಿರೋದು ಮಾತ್ರ ಚಾಟಿ. ನೀವು 10 ವರ್ಷದಲ್ಲಿ ಭಾರತ ಬಿಟ್ಟು ಎಲ್ಲೂ ಹೋಗಿಲ್ಲ ಅಂದಿದ್ದೀರಿ, ಆದರೆ ನಿಮ್ಮ ಸಂಬಂಧಕ್ಕೆ ಸಾಕ್ಷಿ ಅಂತ ನೀವೇ ಹಾಕಿರುವ ಫೋಟೋಗಳು, ಹೋಟೆಲ್ ಬುಕಿಂಗ್ ಶ್ರೀಲಂಕಾದವು ಅಂತ ಮೊದಲನೇದು. ಯಾವ ದೇಶವೂ ವೀಸಾ ನಿರಾಕರಿಸಿಲ್ಲ ಅಂದಿದ್ದೀರಿ, ಆದರೆ ನಮಗೆ ಬೇರೆ ಮಾಹಿತಿ ಇದೆ ಅಂತ ಎರಡನೇದು. ಸ್ವಲ್ಪ ಯೋಚಿಸಿ, ಒಂದೇ ಫೈಲಿನಲ್ಲಿ ಒಂದು ಕಡೆ ಗಂಡ ಹೆಂಡತಿ ಸಿಗಿರಿಯಾ ಬಂಡೆ ಮುಂದೆ ನಿಂತು ನಗ್ತಿದ್ದೀವಿ, ಇನ್ನೊಂದು ಕಡೆ ನಾನು ದೇಶ ಬಿಟ್ಟು ಕದಲೇ ಇಲ್ಲ. ಆ ಫೋಟೋ ಅಪ್‌ಲೋಡ್ ಮಾಡಿದವರೂ ಅವರೇ, ಆ ಫಾರಂ ತುಂಬಿದವರೂ ಅವರೇ! ಒಂದು ಸಲ ಕೂತು ಓದಿದ್ದರೂ ಗೊತ್ತಾಗ್ತಿತ್ತು.

ಅಮೆರಿಕದ ವಿಷಯ ಹೇಗೆ ಗೊತ್ತಾಯ್ತು ಅಂತ ತುಂಬಾ ಜನ ಕೇಳ್ತಾರೆ. ಅವರಿಗೆ ಎಲ್ಲಿಂದ ಸಿಕ್ಕಿತು ಅಂತ ಪತ್ರದಲ್ಲಿ ಬರೆದಿಲ್ಲ. ಆದರೆ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಕೆನಡಾ, ನ್ಯೂಜಿಲೆಂಡ್ ಈ ಐದೂ ದೇಶಗಳು ವೀಸಾ ಮಾಹಿತಿ, ಬೆರಳಚ್ಚು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿವೆ. ಚೆನ್ನೈನಲ್ಲಿ ಕೊಟ್ಟಿದ್ದೂ ಇದೇ ಹತ್ತು ಬೆರಳು, ಬೆಂಗಳೂರಿನಲ್ಲಿ ಕೊಟ್ಟಿದ್ದೂ ಇದೇ ಹತ್ತು ಬೆರಳು. ಪಾಸ್‌ಪೋರ್ಟ್ ನಂಬರ್ ಬದಲಾದರೆ ಹಳೇದು ಅಳಿಸಿಹೋಗುತ್ತೆ ಅನ್ನೋ ಏಜೆಂಟ್ ಮಾತು ನಂಬಬೇಡಿ.

ಪತ್ರದ ಕೊನೆಯಲ್ಲಿ ಪಿಐಸಿ 4020 ಅಂತ ಒಂದು ನಿಯಮದ ಹೆಸರಿತ್ತು. ಆಸ್ಟ್ರೇಲಿಯಾ ವೀಸಾ ಹಾಕುವವರು ಇದನ್ನು ತಿಳಿದುಕೊಂಡೇ ಇರಬೇಕು. ಸುಳ್ಳು ಅಥವಾ ದಾರಿ ತಪ್ಪಿಸುವ ಮಾಹಿತಿ, ನಕಲಿ ದಾಖಲೆ ಕೊಟ್ಟರು ಅಂತ ಈ ನಿಯಮದಲ್ಲಿ ವೀಸಾ ನಿರಾಕರಿಸಿದರೆ, ಮುಂದಿನ 3 ವರ್ಷ ಈ ನಿಯಮ ಇರುವ ಬೇರೆ ವೀಸಾಗಳೂ ಸಿಗೋದಿಲ್ಲ. ಗುರುತಿನ ವಿಷಯದಲ್ಲೇ ಮೋಸ ಅಂತಾದರೆ 10 ವರ್ಷ. ಏಜೆಂಟ್ ತುಂಬಿದ್ದು, ನನಗೆ ಗೊತ್ತಿರಲಿಲ್ಲ ಅಂದ ಮಾತ್ರಕ್ಕೆ ಬಿಡೋದಿಲ್ಲ, ಫೈಲ್ ನಿಮ್ಮ ಹೆಸರಿನಲ್ಲಿದೆ. ಆಸ್ಟ್ರೇಲಿಯಾ ಪ್ರಜೆಗೋ ಪಿಆರ್ (ಕಾಯಂ ವಾಸದ ಹಕ್ಕು) ಇರುವವರಿಗೋ ಗಂಭೀರ ತೊಂದರೆ ಆಗುತ್ತೆ ಅಂತ ತೋರಿಸಿದರೆ 3 ವರ್ಷದ ನಿಯಮವನ್ನು ಸಡಿಲಿಸಲು ಅವಕಾಶ ಇದೆ, ಆದರೆ ಅದು ಕೇಳಿದವರಿಗೆಲ್ಲ ಸಿಗುವಂಥದ್ದಲ್ಲ.

ಇದರಲ್ಲಿ ಹೊಟ್ಟೆ ಉರಿಯೋದು ಏನು ಗೊತ್ತಾ? ನಿಜ ಹೇಳಿದ್ದರೆ ಏನೂ ಆಗ್ತಿರಲಿಲ್ಲ. ಸಿಂಗಾಪುರಕ್ಕೆ ಟ್ರೇನಿಂಗ್‌ಗೆ ಹೋಗಿದ್ದು ತಪ್ಪಲ್ಲ. ಅಮೆರಿಕ ಒಂದು ಸಲ ವಿಸಿಟರ್ ವೀಸಾ ಕೊಡಲಿಲ್ಲ ಅಂತ ಆಸ್ಟ್ರೇಲಿಯಾ ಪಾರ್ಟ್ನರ್ ವೀಸಾ ತಳ್ಳಿಹಾಕಲ್ಲ. ಇನ್ನು ಶ್ರೀಲಂಕಾ ಪ್ರವಾಸವಂತೂ ನಮ್ಮ ಸಂಬಂಧಕ್ಕೆ ಒಳ್ಳೇ ಸಾಕ್ಷಿ. ಅದನ್ನೇ ನಮ್ಮ ವಿರುದ್ಧ ತಿರುಗಿಸಿ ಇಟ್ಟರು.

ಆಮೇಲೆ ಏನು ಮಾಡಿದೆವು ಅಂತ ಹೇಳ್ತೀನಿ, ಇದೇ ಸ್ಥಿತಿಯಲ್ಲಿ ಯಾರಾದರೂ ಇದ್ದರೆ ಉಪಯೋಗ ಆಗಲಿ. ಮೆಲ್ಬರ್ನ್‌ನಲ್ಲಿ ನಮ್ಮ ಮನೆಯವರು ನೋಂದಾಯಿತ ಮೈಗ್ರೇಷನ್ ಏಜೆಂಟ್ ಒಬ್ಬರನ್ನು ಹಿಡಿದರು. ಆಸ್ಟ್ರೇಲಿಯಾದ ನೋಂದಾಯಿತ ಏಜೆಂಟರಿಗೆ ಎಂಎಆರ್‌ಎನ್ ಅಂತ 7 ಅಂಕಿಯ ನಂಬರ್ ಇರುತ್ತೆ, ಏಜೆಂಟರನ್ನು ನೋಂದಾಯಿಸುವ ಅಲ್ಲಿನ ಸರ್ಕಾರಿ ಕಚೇರಿ ಒಎಂಎಆರ್‌ಎ ವೆಬ್‌ಸೈಟಿನಲ್ಲಿ ಹಾಕಿ ಯಾರು ಬೇಕಾದರೂ ನೋಡಬಹುದು. ನಮ್ಮ ತುಮಕೂರಿನವರ ಬೋರ್ಡಿನ ಮೇಲೆ ಕಾಂಗರೂ ಚಿತ್ರ ಇತ್ತು, ನಂಬರ್ ಇರಲಿಲ್ಲ. ಹೊಸಬರು ಮೊದಲು ಹೇಳಿದ್ದು, ಒಂದು ಪ್ರಯಾಣವನ್ನೂ ಬಿಡದೆ ತಾರೀಖಿನ ಸಮೇತ ಪಟ್ಟಿ ಮಾಡಿ, ಪತ್ರದಲ್ಲಿ ಕೇಳದೇ ಇರೋದನ್ನೂ ಸೇರಿಸಿ ಅಂತ.

ಆ ಪಟ್ಟಿ ಮಾಡೋದು ಅಂದುಕೊಂಡಷ್ಟು ಸುಲಭ ಇಲ್ಲ. ಸಿಂಗಾಪುರದವರು ಈಗ ಪಾಸ್‌ಪೋರ್ಟಿಗೆ ಸ್ಟಾಂಪ್ ಹಾಕೋದಿಲ್ಲ, ಇಮೇಲ್‌ಗೆ ಇ-ಪಾಸ್ ಕಳಿಸ್ತಾರೆ. ಹಾಗಾಗಿ ನನ್ನ ಹಳೇ ಪಾಸ್‌ಪೋರ್ಟಿನಲ್ಲಿ ಆ ಟ್ರಿಪ್ಪಿಗೆ ಇದ್ದಿದ್ದು ಬೆಂಗಳೂರು ಏರ್‌ಪೋರ್ಟಿನ ಹೋಗೋ ಬರೋ ಮುದ್ರೆ ಮಾತ್ರ, ಅದರಲ್ಲೂ ಒಂದರ ತಾರೀಖು ಮಸಿ ಹರಡಿ ಅರ್ಧ ಕಾಣ್ತಿತ್ತು. ಹಳೇ ಇಮೇಲ್‌ನಲ್ಲಿ ಇ-ಟಿಕೆಟ್ ಹುಡುಕಿ, ಬಿಟ್ಟ ಕಂಪನಿಯ ಎಚ್‌ಆರ್‌ಗೆ ಮೆಸೇಜ್ ಮಾಡಿ ಟ್ರಾವೆಲ್ ಲೆಟರ್ ತರಿಸಿಕೊಂಡೆ. ಶ್ರೀಲಂಕಾದ್ದು ಸುಲಭ, ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಇಮೇಲ್ ಇತ್ತು, ಸ್ಟಾಂಪೂ ಇತ್ತು.

ನೇಪಾಳದ್ದೇ ತಮಾಷೆ. ನಮಗೆ ಅಲ್ಲಿಗೆ ವೀಸಾ ಬೇಡ, ವೋಟರ್ ಐಡಿ ತೋರಿಸಿದರೂ ಸಾಕು. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ ದಾಟಿದ್ದು, ಪಾಸ್‌ಪೋರ್ಟ್ ಮನೆಯಲ್ಲೇ ಬೀರುವಿನಲ್ಲಿತ್ತು. ತಾರೀಖು ನೆನಪಿದೆಯಾ ಅಂತ ಅಮ್ಮನ್ನ ಕೇಳಿದರೆ, "ಅದೇನು ಫಾರಿನ್ನಾ ಕಣೇ, ಮುಕ್ತಿನಾಥ ಅಲ್ವಾ, ದೇವರ ದರ್ಶನಕ್ಕೂ ಲೆಕ್ಕ ಕೊಡಬೇಕಾ" ಅಂತ ನನ್ನನ್ನೇ ದಬಾಯಿಸಿದರು. ಕೊಡಬೇಕು. ನೇಪಾಳ ಬೇರೆ ದೇಶ, ಫಾರಂ ಕೇಳೋದು ಸ್ಟಾಂಪ್ ಅಲ್ಲ, ಪ್ರಯಾಣ. ಭೂತಾನ್‌ಗೆ ಹೋಗಿ ಬಂದವರಿಗೂ ಇದೇ ಮಾತು. ಕೊನೆಗೆ ಯಾತ್ರೆ ಕರ್ಕೊಂಡು ಹೋದವರ ಹತ್ತಿರ ಬಸ್ಸಿನ ಹೆಸರು ಪಟ್ಟಿ ಸಿಕ್ಕಿತು, ಪೋಖರಾದ ಹೋಟೆಲ್ ರಸೀದಿ ಅಮ್ಮನ ಪರ್ಸ್‌ನಲ್ಲಿ ಕುಂಕುಮದ ಪೊಟ್ಟಣದ ಜೊತೆ ಸಿಕ್ಕಿತು.

ಎಲ್ಲಾ ಸೇರಿಸಿ ಫಾರಂ 1023 ತುಂಬಿದೆವು. ಕೊಟ್ಟ ಉತ್ತರ ತಪ್ಪಾಗಿದೆ ಅಂತ ತಿಳಿಸಲೆಂದೇ ಇರುವ ಫಾರಂ ಅದು. ನಿಮ್ಮ ಫೈಲಿನಲ್ಲಿ ತಪ್ಪಿದೆ ಅಂತ ಇವತ್ತು ಗೊತ್ತಾದರೆ ಪತ್ರ ಬರೋವರೆಗೆ ಕಾಯಬೇಡಿ, ಅವರು ಹಿಡಿಯೋ ಮುಂಚೆ ನೀವೇ ಹೇಳೋದಕ್ಕೂ ಹಿಡಿದ ಮೇಲೆ ಹೇಳೋದಕ್ಕೂ ತುಂಬಾ ವ್ಯತ್ಯಾಸ ಇದೆ. ಜೊತೆಗೆ ಏಜೆಂಟ್‌ಗೆ ಕೊಟ್ಟಿದ್ದ ಹಾಳೆಯ ಫೋಟೋ, ನಾನು ಪ್ರಯಾಣದ ವಿವರ ಕಳಿಸಿದ್ದ ವಾಟ್ಸಾಪ್ ಮೆಸೇಜುಗಳು, ಕೋರ್ಟ್ ಹತ್ತಿರ ನೋಟರಿ ಮಾಡಿಸಿದ ನನ್ನ ಅಫಿಡವಿಟ್, ನಮ್ಮ ಮನೆಯವರು ಅಲ್ಲಿಂದ ಮಾಡಿದ ಸ್ಟ್ಯಾಚುಟರಿ ಡಿಕ್ಲರೇಶನ್ (ಅಫಿಡವಿಟ್ ಥರದ್ದೇ ಲಿಖಿತ ಹೇಳಿಕೆ) ಕೂಡ ಕಳಿಸಿದೆವು. ಆ ಹಾಳೆಯ ಫೋಟೋ ಫೋನಿನಲ್ಲಿ ಇಲ್ಲದಿದ್ದರೆ ನಾನು ಹೇಳೋದಕ್ಕೆ ಪುರಾವೆಯೇ ಇರ್ತಿರಲಿಲ್ಲ. ಏಜೆಂಟ್‌ಗೆ ಬಾಯಲ್ಲಿ ಏನೂ ಹೇಳಬೇಡಿ, ಬರೆದು ಕಳಿಸಿ.

ಈಗ ಹಾಕುವವರು ಇಮ್ಮಿಅಕೌಂಟನ್ನು ನಿಮ್ಮ ಇಮೇಲ್‌ನಲ್ಲೇ ಮಾಡಿ. ಆಗಲೇ ಏಜೆಂಟ್ ಅಕೌಂಟ್‌ನಲ್ಲಿ ಹೋಗಿದ್ದರೆ ಟಿಆರ್‌ಎನ್ (ಅಪ್ಲಿಕೇಶನ್‌ನ ರೆಫರೆನ್ಸ್ ನಂಬರ್) ಕೇಳಿ, 'ಇಜಿಒ' ಅಂತ ಶುರುವಾಗುವ ನಂಬರ್ ಅದು. ಅದು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಇದ್ದರೆ ನಿಮ್ಮ ಅಕೌಂಟ್‌ಗೆ ಅಪ್ಲಿಕೇಶನ್ ಇಂಪೋರ್ಟ್ ಮಾಡಿಕೊಳ್ಳಬಹುದು. ಬಂದ ಪತ್ರಗಳು ನಿಮಗೇ ಕಾಣುತ್ತವೆ, ಸ್ಕ್ರೀನ್‌ಶಾಟ್‌ಗೆ ಕಾಯೋದು ತಪ್ಪುತ್ತೆ. ನಂಬರ್ ಕೊಡೋಕೆ ಹಿಂದೆ ಮುಂದೆ ನೋಡಿದರೆ ಅಲ್ಲೇ ಏನೋ ಇದೆ ಅಂತ ಅರ್ಥ. ನಮ್ಮ ತುಮಕೂರಿನ ಏಜೆಂಟ್ "ಬಾಕಿ ಕ್ಲಿಯರ್ ಮಾಡಿ, ಕೊಡ್ತೀವಿ" ಅಂದಿದ್ದರು.

ಉತ್ತರ ಗಡುವಿನ ಒಳಗೆ ಹೋಗಿದೆ, ತೀರ್ಮಾನ ಇನ್ನೂ ಬಂದಿಲ್ಲ. ಫಾರಂ 1023ರಲ್ಲಿ ನಾನು ಹೇಗೆ ಬರೆದೆ ಅಂತ ಯಾರಿಗಾದರೂ ಬೇಕಿದ್ದರೆ ಕೇಳಿ, ಹೇಳ್ತೀನಿ. ಆ ಆಫೀಸಿನ ಹೆಸರು ಮಾತ್ರ ಕೇಳಬೇಡಿ, ಕೊಟ್ಟ ದುಡ್ಡು ವಾಪಸ್ ಕೇಳೋ ಜಗಳ ಇನ್ನೂ ನಡೀತಿದೆ.